ಗೋಡೆಯ ಫೋನಿನಿಂದ ವೈ-ಫೈ ಕರೆಗೆ: ಕಲಬುರಗಿಯ ಕಲ್ಲುಮನೆಯಲ್ಲಿ ಸರಿಯಾಗಿ ಅಳವಡಿಸುವ ಬಗೆ

ಕಲಬುರಗಿಯ ಹಳೆಯ ಮನೆಗಳಲ್ಲಿ, ಗಂಜಿನ ಅಡತ್ ಅಂಗಡಿಗಳಲ್ಲಿ 08472ರಿಂದ ಆರಂಭವಾಗುವ ದೂರವಾಣಿ ಸಂಖ್ಯೆಗಳು ಇನ್ನೂ ಉಳಿದಿವೆ. ತೊಗರಿ ತರುವ ರೈತರಿಗೂ ಹೊರಊರಿನ ವ್ಯಾಪಾರಿಗಳಿಗೂ ಬಾಯಿಪಾಠವಾಗಿರುವ ಸಂಖ್ಯೆಗಳು ಅವು. ಆದರೆ ಸಂಖ್ಯೆ ಹಳೆಯದಾದರೂ ಮಾತು ಸಾಗುವ ದಾರಿ ಹಳೆಯದಲ್ಲ. ಎಷ್ಟೋ ಕಡೆ ತಾಮ್ರದ ಜೋಡಿ ತಂತಿಯ ಜಾಗಕ್ಕೆ ಫೈಬರ್ ಬಂದಿದೆ, ಫೈಬರಿನ ತುದಿಗೆ ವೈ-ಫೈ ಪೆಟ್ಟಿಗೆ, ಅಂದರೆ ರೂಟರ್, ಕೂತಿದೆ, ಅಲ್ಲಿಂದ ಮುಂದೆ ಕರೆ ಗಾಳಿಯಲ್ಲಿ ಸಾಗಿ ಕಿಸೆಯಲ್ಲಿರುವ ಮೊಬೈಲನ್ನು ಸೇರುತ್ತದೆ. ನಾನು ನೋಡಿದ ಮಟ್ಟಿಗೆ, ಕರೆ ಕೆಡುವುದು ಹೆಚ್ಚಾಗಿ ಈ ಕೊನೆಯ ಹತ್ತು ಹದಿನೈದು ಹೆಜ್ಜೆಗಳಲ್ಲಿ. ಜನ ಮಾತ್ರ ಪ್ಲಾನಿನಲ್ಲಿ ದೋಷವಿದೆಯೆಂದು ತಿಳಿದು ಇನ್ನೂ ದುಬಾರಿಯಾದದ್ದನ್ನು ಹಾಕಿಸಿಕೊಳ್ಳುತ್ತಾರೆ. ಆ ಹಣ ಉಳಿಯಲಿ ಮತ್ತು ಮಾತು ಸ್ಪಷ್ಟವಾಗಿ ಕೇಳಲಿ ಎಂಬ ಉದ್ದೇಶದಿಂದ ಇದನ್ನು ಬರೆಯುತ್ತಿದ್ದೇನೆ.

ಇಂಟರ್ನೆಟ್ಟಿನ ಮೂಲಕ ಮಾತನಾಡುವುದು ಹೊಸ ಸಂಗತಿಯೇನಲ್ಲ. ಇಸ್ರೇಲಿನ ವೋಕಲ್‌ಟೆಕ್ ಕಂಪನಿ 1995ರಲ್ಲಿಯೇ ಅದಕ್ಕೆ ಬೇಕಾದ ಸಾಫ್ಟ್‌ವೇರನ್ನು ಮಾರುಕಟ್ಟೆಗೆ ತಂದಿತ್ತು. ಭಾರತದಲ್ಲಿ ಅನುಮತಿ ಸಿಕ್ಕಿದ್ದು 2002ರ ಏಪ್ರಿಲ್ 1ರಿಂದ. ಆಗ ಕಂಪ್ಯೂಟರ್, ಹೆಡ್‌ಫೋನ್ ಮತ್ತು ಫೋನಿನ ತಂತಿ ಮೂರೂ ಒಂದೇ ಮೇಜಿನ ಬಳಿ ಇರಬೇಕಾಗಿತ್ತು. 2016ರ ಸೆಪ್ಟೆಂಬರ್ 5ರಂದು ಆರಂಭವಾದ ಜಿಯೋ ಜಾಲದಲ್ಲಿ 2ಜಿ, 3ಜಿ ಇರಲೇ ಇಲ್ಲವಾದ್ದರಿಂದ ಮಾತೂ 4ಜಿ ಡೇಟಾದ ಮೇಲೆಯೇ, ಅಂದರೆ ವಿಒಎಲ್‌ಟಿಇ ಮೂಲಕವೇ ಸಾಗಿತು. 2019ರ ಡಿಸೆಂಬರಿನಲ್ಲಿ ಏರ್‌ಟೆಲ್, 2020ರ ಜನವರಿಯಲ್ಲಿ ಜಿಯೋ ವೈ-ಫೈ ಕಾಲಿಂಗ್ ಸೌಲಭ್ಯವನ್ನು ಆರಂಭಿಸಿದವು. ಇದರಲ್ಲಿ ಬೇರೆ ಆ್ಯಪ್ ಬೇಕಿಲ್ಲ. ನಿಮ್ಮದೇ ಸಿಮ್ ಸಂಖ್ಯೆಯಿಂದ, ಫೋನಿನ ಮಾಮೂಲಿ ಡಯಲರ್‌ನಿಂದಲೇ ಕರೆ ಹೋಗುತ್ತದೆ. ಟವರಿನ ಬದಲು ಮನೆಯ ವೈ-ಫೈ ಬಳಕೆಯಾಗುತ್ತದೆ, ಅಷ್ಟೇ. ಟವರಿನ ಸಿಗ್ನಲ್ ಒಳಗೆ ನುಗ್ಗದ ಕಲ್ಲುಮನೆಗಳಿಗೆ ಇದಕ್ಕಿಂತ ಒಳ್ಳೆಯ ಪರಿಹಾರ ನನಗೆ ಕಂಡಿಲ್ಲ.

ಮಾತಿಗೆ ಬೇಕಾಗಿರುವುದೇನು

ಫೋನು ನಿಮ್ಮ ದನಿಯನ್ನು ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ತುಣುಕುಗಳಾಗಿ ಕತ್ತರಿಸಿ, ಪ್ರತಿ ತುಣುಕನ್ನೂ ಒಂದೊಂದು ಪ್ಯಾಕೆಟ್ಟಿನಲ್ಲಿ, ಅಂದರೆ ವಿಳಾಸ ಬರೆದ ಪೊಟ್ಟಣದಲ್ಲಿಟ್ಟು ಕಳಿಸುತ್ತದೆ. ಸೆಕೆಂಡಿಗೆ ಅಂಥ 50 ಪ್ಯಾಕೆಟ್ಟುಗಳು. ಸ್ಥಿರ ದೂರವಾಣಿಯ ಕಾಲದಿಂದ ಬಂದಿರುವ ಜಿ.711 ವಿಧಾನದಲ್ಲಿ ದನಿಗೆ ಬೇಕಾಗುವುದು 64 ಕೆಬಿಪಿಎಸ್ (ಸೆಕೆಂಡಿಗೆ 64 ಸಾವಿರ ಬಿಟ್). ವಿಳಾಸದ ಹೊದಿಕೆಯನ್ನೂ ಸೇರಿಸಿದರೆ ಸುಮಾರು 80. ವಿಒಎಲ್‌ಟಿಇಯಲ್ಲಿ ಬಳಕೆಯಾಗುವ ಎಎಂಆರ್-ವೈಡ್‌ಬ್ಯಾಂಡ್ ವಿಧಾನಕ್ಕೆ 12.65 ಕೆಬಿಪಿಎಸ್ ಕೂಡ ಸಾಕಾಗುತ್ತದೆ. ಒಂದು ಎಂಬಿಪಿಎಸ್ ಎಂದರೆ ಸಾವಿರ ಕೆಬಿಪಿಎಸ್. ಹೀಗಾಗಿ 30 ಎಂಬಿಪಿಎಸ್ ಪ್ಲಾನಿನಿಂದ 100ಕ್ಕೆ ಏರಿದರೆ ಕರೆಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಾಗದಿರಬಹುದು. ಮಾತಿಗೆ ಬೇಕಾದದ್ದು ಪ್ಯಾಕೆಟ್ಟುಗಳು ಒಂದರ ಹಿಂದೆ ಒಂದು, ಸಮ ಅಂತರದಲ್ಲಿ, ತಡವಿಲ್ಲದೆ ತಲುಪುವುದು. ದನಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಲು 150 ಮಿಲಿಸೆಕೆಂಡಿಗಿಂತ ಹೆಚ್ಚು ಹಿಡಿಯದಿದ್ದರೆ ಒಳ್ಳೆಯದೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸು ಹೇಳುತ್ತದೆ. ಅದನ್ನು ಮೀರುತ್ತ ಹೋದಂತೆ ಇಬ್ಬರೂ ಒಟ್ಟಿಗೆ ಮಾತು ಶುರುಮಾಡಿ, ಒಟ್ಟಿಗೆ ನಿಲ್ಲಿಸುವ ಪರಿಸ್ಥಿತಿ ಬರುತ್ತದೆ.

ತಂತಿಯಲ್ಲಿ ಈ ನಿಯಮ ತಾನಾಗಿಯೇ ಪಾಲನೆಯಾಗುತ್ತಿತ್ತು. ವೈ-ಫೈನಲ್ಲಿ ಹಾಗಲ್ಲ. ಒಂದೇ ಚಾನೆಲ್ಲಿನಲ್ಲಿ (ರೇಡಿಯೋ ತರಂಗದ ಒಂದೇ ಪಟ್ಟಿಯಲ್ಲಿ) ಇರುವ ಎಲ್ಲ ಸಾಧನಗಳೂ ಸರದಿಯಂತೆ ಕಾಯಬೇಕು. ಗೋಡೆಯಿಂದ ದುರ್ಬಲಗೊಂಡ ಪ್ಯಾಕೆಟ್ ಕೆಟ್ಟರೆ ಮತ್ತೆ ಕಳಿಸಬೇಕು. ವಿಡಿಯೋ ನೋಡುವಾಗ ಈ ತಡ ಗೊತ್ತಾಗುವುದಿಲ್ಲ, ಏಕೆಂದರೆ ಮುಂದಿನ ಭಾಗವನ್ನು ಆ್ಯಪ್ ಮೊದಲೇ ತಂದಿಟ್ಟುಕೊಂಡಿರುತ್ತದೆ. ಇನ್ನೂ ಆಡದ ಮಾತನ್ನು ಹಾಗೆ ತಂದಿಟ್ಟುಕೊಳ್ಳಲು ಸಾಧ್ಯವಿಲ್ಲ.

ಮೊದಲು ಅಳೆಯಿರಿ

ಪಿಂಗ್, ಅಂದರೆ ಕಳಿಸಿದ ಚಿಕ್ಕ ಸಂದೇಶಕ್ಕೆ ಉತ್ತರ ಬರಲು ಹಿಡಿಯುವ ಸಮಯ, ಅಳೆಯುವ ಯಾವುದಾದರೂ ಉಚಿತ ಆ್ಯಪನ್ನು ಮೊಬೈಲಿಗೆ ಹಾಕಿಕೊಳ್ಳಿ. ಅದರಲ್ಲಿ ನಿಮ್ಮ ರೂಟರಿನ ವಿಳಾಸವನ್ನು ಬರೆಯಿರಿ. ಹೆಚ್ಚಿನ ಮನೆಗಳಲ್ಲಿ ಅದು 192.168.1.1 ಆಗಿರುತ್ತದೆ, ಇಲ್ಲದಿದ್ದರೆ ರೂಟರಿನ ಕೆಳಗಿನ ಚೀಟಿಯಲ್ಲಿ ಬರೆದಿರುತ್ತದೆ. ಪಿಂಗ್ ನಡೆಯುತ್ತಿರುವಾಗಲೇ ಕೋಣೆಯಿಂದ ಕೋಣೆಗೆ ನಿಧಾನವಾಗಿ ನಡೆದು, ಒಂದೊಂದು ಕಡೆ ಒಂದು ನಿಮಿಷ ನಿಲ್ಲಿ. ಬ್ಯಾಟರಿ ಉಳಿಸಲು ಫೋನಿನ ವೈ-ಫೈ ಆಗಾಗ ನಿದ್ರೆಗೆ ಜಾರುವುದರಿಂದ ಮೊದಲ ಒಂದೆರಡು ಅಂಕಿಗಳು ದೊಡ್ಡದಾಗಿ ಬರಬಹುದು, ಅವನ್ನು ಬಿಟ್ಟುಬಿಡಿ. ಅನಂತರವೂ ಅಂಕಿ ಏರಿಳಿಯುತ್ತಿದ್ದರೆ ಅಥವಾ ನಡುನಡುವೆ ಉತ್ತರವೇ ಬರದಿದ್ದರೆ ಆ ಜಾಗದಲ್ಲಿ ಕರೆ ಸರಿಯಾಗಿ ನಡೆಯದು.

ಬ್ರಹ್ಮಪುರದಲ್ಲಿರುವ ನಮ್ಮ ಕಾಕಾ ಅವರ ಮನೆಯಲ್ಲಿ ನಾನು ಹೀಗೆಯೇ ನಡೆದು ನೋಡಿದೆ. ಒಂದೂವರೆ ಮೊಳ ದಪ್ಪದ ಕಲ್ಲಿನ ಗೋಡೆ, ನೆಲಕ್ಕೆ ಶಹಾಬಾದಿನ ಪರ್ಸಿ, ನಡುವೆ ಅಂಗಳ, ಅದರಾಚೆ ಅಡುಗೆಮನೆ. ಪಡಸಾಲೆಯಲ್ಲಿ ನಿಂತಾಗ 4 ಮಿಲಿಸೆಕೆಂಡ್ ಬಂತು. ಅಡುಗೆಮನೆಯ ಹೊಸ್ತಿಲು ದಾಟಿದ ಮೇಲೆ 90, 210, 340 ಎಂದು ಏರಿ, ಮುಂದೆ ಉತ್ತರವೇ ನಿಂತಿತು. ಪುಣೆಯಲ್ಲಿರುವ ಮಗ ಕರೆ ಮಾಡಿದಾಗಲೆಲ್ಲ ಕಾಕಿ ರೊಟ್ಟಿ ಬಡಿಯುವುದನ್ನು ಬಿಟ್ಟು ಅಂಗಳಕ್ಕೆ ಬಂದು, “ದನಿ ತುಂಡು ತುಂಡಾಗಿ ಬರ್ಲಾಕತ್ತದ” ಎನ್ನುತ್ತಿದ್ದುದರ ಕಾರಣ ಆಗ ತಿಳಿಯಿತು. ರೂಟರನ್ನು ಹುಡುಕಿದರೆ ಅದು ಗೋಡೆಯ ಗೂಡಿನಲ್ಲಿ, ಹಿತ್ತಾಳೆಯ ಪಾತ್ರೆಗಳ ಹಿಂದೆ ಇತ್ತು. ಮೂರು ಕಡೆ ಕಲ್ಲು, ಮುಂದೆ ಲೋಹ. ಧೂಳು ತಾಗದಿರಲಿ, ಮಕ್ಕಳ ಕೈಗೆ ಸಿಗದಿರಲಿ ಎಂಬ ಕಾಳಜಿಯಿಂದಲೇ ಅಲ್ಲಿಟ್ಟಿದ್ದರು. ಗೂಡಿನಲ್ಲಿ, ಕಬ್ಬಿಣದ ಕಪಾಟಿನಲ್ಲಿ, ಟಿವಿಯ ಹಿಂದೆ ರೂಟರ್ ಇರುವ ಮನೆಗಳನ್ನು ಈ ಭಾಗದಲ್ಲಿ ನಾನು ಬಹಳ ಕಂಡಿದ್ದೇನೆ.

ನಮ್ಮ ಮನೆಗಳಲ್ಲಿ ಸಿಗ್ನಲ್ ಗೋಡೆಯ ಮೂಲಕ ಹೋಗುವುದಕ್ಕಿಂತ ಬಾಗಿಲಿನ ಮೂಲಕ ಹೋಗುವುದೇ ಸುಲಭ. ಆದ್ದರಿಂದ ಪಡಸಾಲೆ, ಅಂಗಳ, ಒಳಮನೆಗಳ ಬಾಗಿಲುಗಳು ಒಂದೇ ಸಾಲಿನಲ್ಲಿದ್ದರೆ ಆ ಸಾಲಿಗೆ ಎದುರಾಗಿ, ತಲೆಗಿಂತ ಮೇಲೆ, ಬಯಲಾಗಿ ರೂಟರನ್ನು ಗೋಡೆಗೆ ತಗುಲಿಸಿ. ಕಾಕಾ ಅವರ ಮನೆಯಲ್ಲಿ ಇದೊಂದರಿಂದಲೇ ಅಡುಗೆಮನೆಯ ಅಂಕಿ ನಲವತ್ತರ ಆಸುಪಾಸಿಗೆ ಇಳಿಯಿತು.

ಅದೂ ಸಾಲದಿದ್ದರೆ ಎರಡನೆಯ ವೈ-ಫೈ ಪೆಟ್ಟಿಗೆ ಬೇಕು. ಇಲ್ಲಿ ಅಂಗಡಿಯವರು ಸಾಮಾನ್ಯವಾಗಿ ಪ್ಲಗ್‌ಗೆ ಸಿಕ್ಕಿಸುವ ರಿಪೀಟರನ್ನು ಕೊಡುತ್ತಾರೆ. ಅದು ಬಂದ ಪ್ಯಾಕೆಟ್ಟನ್ನು ಗಾಳಿಯಲ್ಲಿಯೇ ಹಿಡಿದು ಗಾಳಿಯಲ್ಲಿಯೇ ಮತ್ತೆ ಕಳಿಸುವುದರಿಂದ ಸರದಿ ಎರಡು ಪಟ್ಟಾಗುತ್ತದೆ. ಸಿಗ್ನಲಿನ ಗೀಟುಗಳು ತುಂಬಿ ಕಂಡರೂ ಮಾತು ತಡವರಿಸುತ್ತದೆ. ಅದರ ಬದಲು ವೆಂಟಿಲೇಟರಿನಿಂದ ಒಂದು ಲ್ಯಾನ್ ಕೇಬಲ್ ಎಳೆದು, ಅದರ ತುದಿಗೆ ಎರಡನೆಯ ರೂಟರನ್ನು ಆ್ಯಕ್ಸೆಸ್ ಪಾಯಿಂಟ್ ಆಗಿ, ಅಂದರೆ ವೈ-ಫೈ ಹರಡುವುದಕ್ಕಷ್ಟೇ, ಕೂರಿಸಿ. 100 ಮೀಟರಿನವರೆಗೆ ಲ್ಯಾನ್ ಕೇಬಲ್ ನಿಶ್ಚಿಂತೆಯಿಂದ ಕೆಲಸ ಮಾಡುತ್ತದೆ. ಹಳೆಯ ರೂಟರ್ ಇದ್ದರೆ ಅದನ್ನೇ ಬಳಸಬಹುದು: ಅದರ ಡಿಎಚ್‌ಸಿಪಿಯನ್ನು (ಸಾಧನಗಳಿಗೆ ವಿಳಾಸ ಹಂಚುವ ವ್ಯವಸ್ಥೆಯನ್ನು) ಆಫ್ ಮಾಡಿ, ಮೊದಲ ರೂಟರಿನದಕ್ಕಿಂತ ಬೇರೆ ವಿಳಾಸ ಕೊಟ್ಟು, ವೈ-ಫೈ ಹೆಸರು ಮತ್ತು ಪಾಸ್‌ವರ್ಡ್ ಎರಡರಲ್ಲೂ ಒಂದೇ ಇಡಿ. ವೈ-ಫೈ ಬಳಸುವ 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ಲುಗಳು 1, 6 ಮತ್ತು 11; ಒಂದು ಪೆಟ್ಟಿಗೆಗೆ 1 ಕೊಟ್ಟರೆ ಇನ್ನೊಂದಕ್ಕೆ 6 ಅಥವಾ 11 ಕೊಡಿ. 5 ಗಿಗಾಹರ್ಟ್ಸ್ ವೇಗವಾಗಿದ್ದರೂ ದಪ್ಪ ಗೋಡೆಯನ್ನು ದಾಟುವುದಿಲ್ಲ, ಪೆಟ್ಟಿಗೆ ಇರುವ ಕೋಣೆಗಷ್ಟೇ ಅದನ್ನು ನಂಬಿ. ಟಿವಿ, ಅಂಗಡಿಯ ಕಂಪ್ಯೂಟರ್, ಸಿಸಿ ಕ್ಯಾಮೆರಾದ ಪೆಟ್ಟಿಗೆಗಳಂಥ ಕದಲದ ಸಾಧನಗಳನ್ನೆಲ್ಲ ಕೇಬಲ್ಲಿಗೆ ಹಾಕಿ, ಗಾಳಿಯನ್ನು ಕದಲುವ ಫೋನುಗಳಿಗೆ ಬಿಟ್ಟುಕೊಡುವುದು ಜಾಣತನ. ಕ್ಯಾಮೆರಾದ ದೃಶ್ಯ ಅಥವಾ ಫೋಟೋ ಬ್ಯಾಕಪ್ ಮೇಲಕ್ಕೆ ಹೋಗುತ್ತಿರುವಾಗಲೇ ನಿಮ್ಮ ದನಿ ಎದುರಿನವರಿಗೆ ಕೇಳದಂತಾದರೆ, ಯಾವ ಡೇಟಾಕ್ಕೆ ಎಷ್ಟು ದಾರಿ ಎಂದು ನಿಗದಿಪಡಿಸುವ, ರೂಟರಿನ ಕ್ಯೂಒಎಸ್ ವಿಭಾಗದಲ್ಲಿ ಅಪ್‌ಲೋಡಿಗೆ ಮಿತಿ ಹಾಕಿ.

ಫೋನಿನಲ್ಲಿ ಮಾಡಬೇಕಾದದ್ದು

ಆಂಡ್ರಾಯ್ಡ್ ಫೋನಾದರೆ ಸೆಟ್ಟಿಂಗ್ಸ್‌ನಲ್ಲಿ ಸಿಮ್ ಅಥವಾ ಮೊಬೈಲ್ ನೆಟ್‌ವರ್ಕ್ ವಿಭಾಗಕ್ಕೆ, ಐಫೋನಾದರೆ ಸೆಲ್ಯುಲರ್ ವಿಭಾಗಕ್ಕೆ ಹೋಗಿ ವೈ-ಫೈ ಕಾಲಿಂಗ್ ಆನ್ ಮಾಡಿ. ಎರಡು ಸಿಮ್ ಇದ್ದರೆ ಎರಡಕ್ಕೂ ಬೇರೆಬೇರೆಯಾಗಿ ಆನ್ ಮಾಡಬೇಕು. ವಿಒಎಲ್‌ಟಿಇ ಕೂಡ ಆನ್ ಇರಲಿ. ಮಾತಿನ ನಡುವೆ ಮನೆಯಿಂದ ಹೊರಬಿದ್ದಾಗ ಕರೆ ವೈ-ಫೈನಿಂದ ಟವರಿಗೆ ಕಡಿಯದೆ ದಾಟುವುದು ಅದರ ನೆರವಿನಿಂದ. ಪರೀಕ್ಷೆಗೆ ಏರೋಪ್ಲೇನ್ ಮೋಡ್ ಹಾಕಿ, ವೈ-ಫೈ ಮಾತ್ರ ಆನ್ ಮಾಡಿ, ಯಾರಿಗಾದರೂ ಕರೆ ಮಾಡಿ ನೋಡಿ. ಕರೆ ಹೋದರೆ ವ್ಯವಸ್ಥೆ ಸರಿಯಿದೆ. ಹೋಗದಿದ್ದರೆ ಫೋನಿನಲ್ಲಿರುವ ವಿಪಿಎನ್ ಆ್ಯಪನ್ನು (ಇಂಟರ್ನೆಟ್ ಸಂಪರ್ಕವನ್ನು ಬೇರೆ ಸರ್ವರಿನ ಮೂಲಕ ಒಯ್ಯುವ ಆ್ಯಪ್) ಮೊದಲು ಆಫ್ ಮಾಡಿ, ಬಳಿಕ ರೂಟರಿನಲ್ಲಿ ಐಪಿಸೆಕ್ ಪಾಸ್‌ಥ್ರೂ (ಬೀಗ ಹಾಕಿದ ಸಂಪರ್ಕವನ್ನು ದಾಟಲು ಬಿಡುವ ಆಯ್ಕೆ) ಆನ್ ಇದೆಯೇ ನೋಡಿ. ವೈ-ಫೈ ಕರೆ ಕಂಪನಿಯ ಜಾಲವನ್ನು ತಲುಪುವುದು ಬೀಗ ಹಾಕಿದ ಸುರಂಗದಂಥ ಮಾರ್ಗದಲ್ಲಿ. ಅದಕ್ಕೆ ಯುಡಿಪಿ 500 ಮತ್ತು 4500 ಎಂಬ ಪೋರ್ಟುಗಳು, ಅಂದರೆ ಡೇಟಾ ಹೋಗಿಬರುವ ಬಾಗಿಲುಗಳು, ತೆರೆದಿರಬೇಕು.

ಅಂಗಡಿಯ ಹಳೆಯ ಸಂಖ್ಯೆ

ಸ್ಥಿರ ಸಂಖ್ಯೆಯನ್ನು ಉಳಿಸಿಕೊಳ್ಳಬೇಕಾದವರು ತಿಳಿಯಬೇಕಾದದ್ದು ಇದು: ಮೊಬೈಲ್ ಸಂಖ್ಯೆಯನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಒಯ್ಯುವಂತೆ ಸ್ಥಿರ ಸಂಖ್ಯೆಯನ್ನು ಒಯ್ಯಲು ನಮ್ಮಲ್ಲಿ ಅವಕಾಶವಿಲ್ಲ. ಆದ್ದರಿಂದ ಈಗಿರುವ ಕಂಪನಿಯಲ್ಲಿಯೇ ತಾಮ್ರದಿಂದ ಫೈಬರಿಗೆ ಬದಲಿಸಿಕೊಳ್ಳಿ, ಮತ್ತು ಅದೇ ಸಂಖ್ಯೆ ಮುಂದುವರಿಯುತ್ತದೆಂಬುದನ್ನು ಅರ್ಜಿಯಲ್ಲಿ ಬರೆಸಿಕೊಳ್ಳಿ. ಫೈಬರ್ ಪೆಟ್ಟಿಗೆಯ ಹಿಂದೆ ಫೋನಿನ ಪಿನ್ ಹಿಡಿಯುವ ಚಿಕ್ಕ ತೂತು ಇದ್ದರೆ ಹಳೆಯ ಫೋನನ್ನೇ ಅಲ್ಲಿ ಸಿಕ್ಕಿಸಬಹುದು. ಕೂತಲ್ಲಿಂದ ಏಳಲಾಗದ ಹಿರಿಯರಿರುವ ಮನೆಗೆ ನಾನು ಸ್ಮಾರ್ಟ್‌ಫೋನಿಗಿಂತ ಕಾರ್ಡ್‌ಲೆಸ್ ಫೋನನ್ನೇ ಹೇಳುತ್ತೇನೆ: ಗುಂಡಿಗಳು ದೊಡ್ಡವು, ಬಳಕೆ ಗೊತ್ತಿರುವುದು, ವೈ-ಫೈನ ಗೊಡವೆಯಿಲ್ಲ. 2021ರ ಜನವರಿ 15ರಿಂದ ಸ್ಥಿರ ಫೋನಿನಿಂದ ಮೊಬೈಲಿಗೆ ಕರೆ ಮಾಡುವಾಗ ಮುಂದೆ ಸೊನ್ನೆ ಸೇರಿಸಬೇಕು. ಅವರಿಗೆ ಇದನ್ನು ದಪ್ಪ ಅಕ್ಷರದಲ್ಲಿ ಬರೆದು ಫೋನಿನ ಪಕ್ಕ ಅಂಟಿಸಿ. ಸ್ಥಿರ ಸಂಖ್ಯೆಯ ಕರೆಯನ್ನು ಮೊಬೈಲಿನಲ್ಲಿ ಸ್ವೀಕರಿಸುವ ಆ್ಯಪನ್ನು ಕಂಪನಿ ಕೊಟ್ಟಿದ್ದರೆ, ಆ ಆ್ಯಪಿಗೆ ಬ್ಯಾಟರಿ ಉಳಿತಾಯದ ನಿರ್ಬಂಧವನ್ನು ತೆಗೆದುಹಾಕಿ. ಇಲ್ಲದಿದ್ದರೆ ಪರದೆ ಆರಿದ ಸ್ವಲ್ಪ ಹೊತ್ತಿಗೆ ಗಂಟೆ ಬಾರಿಸುವುದೇ ನಿಂತುಹೋಗಬಹುದು.

ಕರೆಂಟು ಹೋದಾಗ

ತಾಮ್ರದ ತಂತಿಯಲ್ಲಿ ಎಕ್ಸ್‌ಚೇಂಜಿನಿಂದಲೇ ಸುಮಾರು 48 ವೋಲ್ಟ್ ವಿದ್ಯುತ್ ಬರುತ್ತಿತ್ತು. ಊರಿಗೆ ಊರೇ ಕತ್ತಲಾದರೂ ಗೋಡೆಯ ಫೋನು ಬದುಕಿರುತ್ತಿದ್ದುದು ಅದರಿಂದಲೇ. ಫೈಬರಿನಲ್ಲಿ ಬೆಳಕು ಬರುತ್ತದೆಯೇ ಹೊರತು ವಿದ್ಯುತ್ ಬರುವುದಿಲ್ಲ. ವೈ-ಫೈ ಕರೆಯನ್ನೇ ನೆಚ್ಚಿಕೊಂಡ ಮನೆಯಲ್ಲಿ ಕರೆಂಟು ಹೋದರೆ ಫೋನೂ ಹೋಯಿತು. ಇನ್ವರ್ಟರ್ ಇದ್ದರೂ ಅದು ಬದಲಾಗುವ ಕ್ಷಣದಲ್ಲಿ ರೂಟರ್ ಆರಿಹೋಗಿ, ಮತ್ತೆ ಸಂಪರ್ಕ ಸಿಗಲು ಎರಡು ಮೂರು ನಿಮಿಷ ಹಿಡಿಯಬಹುದು. ಇದಕ್ಕೆ ರೂಟರಿಗೆಂದೇ ಸಿಗುವ ಚಿಕ್ಕ ಡಿಸಿ ಯುಪಿಎಸ್ (ಬ್ಯಾಟರಿ ಪೆಟ್ಟಿಗೆ) ಹಾಕಿ. ಕೊಳ್ಳುವ ಮೊದಲು ಅಡಾಪ್ಟರಿನ ಮೇಲಿನ ಬರಹವನ್ನು ಓದಿ: ಹೆಚ್ಚಿನವು 12 ವೋಲ್ಟ್, ಆಂಪಿಯರ್ ಮಾತ್ರ 1, 1.5, 2 ಎಂದು ಬೇರೆಬೇರೆ ಇರುತ್ತದೆ. ಯುಪಿಎಸ್ಸಿನ ಆಂಪಿಯರ್ ಅದಕ್ಕಿಂತ ಕಡಿಮೆ ಇರಬಾರದು. ಫೈಬರ್ ಪೆಟ್ಟಿಗೆ ಬೇರೆ, ರೂಟರ್ ಬೇರೆ ಇದ್ದರೆ ಎರಡಕ್ಕೂ ಬೇಕು, ಅಡುಗೆಮನೆಯ ಎರಡನೆಯ ಪೆಟ್ಟಿಗೆಗೂ ಬೇಕು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಬಿಸಿಲಿಗೆ ತಗಡಿನ ಮಾಡಿನ ಕೆಳಗೆ ಅಥವಾ ಪಡುವಣ ಕಿಟಕಿಯಲ್ಲಿ ಇಟ್ಟ ಬ್ಯಾಟರಿ ಬೇಗ ಸಾಯುತ್ತದೆ. ತಣ್ಣನೆಯ ಕಲ್ಲುಗೋಡೆಯ ಗೂಡು ರೂಟರಿಗೆ ಬೇಡವಾದರೂ ಯುಪಿಎಸ್ಸಿಗೆ ಒಳ್ಳೆಯ ಜಾಗ. ವೈ-ಫೈನಿಂದ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಬೇಕಾಗಿ ಬಂದರೆ, ನೀವಿರುವ ಜಾಗ ಅವರಿಗೆ ಖಚಿತವಾಗಿ ಕಾಣುತ್ತದೆಂದು ನಂಬದೆ ಮೊದಲು ವಿಳಾಸ ಹೇಳಿ.

ಫೈಬರ್ ತಲುಪದ ಊರುಗಳಲ್ಲಿ

ಯಾದಗಿರಿ, ಬೀದರ ಕಡೆಯ ಹಳ್ಳಿಗಳಲ್ಲಿ ಮನೆಗೆ ಫೈಬರ್ ಬಾರದಿದ್ದರೆ ಸಿಮ್ ಹಾಕುವ 4ಜಿ ಅಥವಾ 5ಜಿ ರೂಟರಿನಿಂದಲೂ ವೈ-ಫೈ ಕರೆ ನಡೆಯುತ್ತದೆ. ಆಗ ಗಾಳಿಯ ದಾರಿ ಎರಡಾಗುವುದರಿಂದ ಅಳತೆಯನ್ನೂ ಎರಡು ಸಲ ಮಾಡಿ: ಮೊದಲು ರೂಟರಿಗೆ, ಬಳಿಕ ಹೊರಗಿನ ಇಂಟರ್ನೆಟ್ಟಿನಲ್ಲಿರುವ 8.8.8.8 ವಿಳಾಸಕ್ಕೆ. ಮೊದಲನೆಯದು ಚೆನ್ನಾಗಿದ್ದು ಎರಡನೆಯದು ಕುಣಿಯುತ್ತಿದ್ದರೆ ದೋಷ ಮನೆಯೊಳಗಿಲ್ಲ. ರೂಟರನ್ನು ಮಾಳಗಿಯ ಮೇಲೆ ಟವರಿನ ದಿಕ್ಕಿಗೆ ಒಯ್ಯಬೇಕು, ಇಲ್ಲವೇ ಹೊರಗೆ ಕೂರಿಸುವ ಪೆಟ್ಟಿಗೆಯನ್ನು ಮೇಲೆ ಹಾಕಿ ಕೇಬಲನ್ನು ಒಳಗೆ ಇಳಿಸಬೇಕು. ಈ ಅಳತೆಯನ್ನು ಸಂಜೆ ಏಳರಿಂದ ಹತ್ತರ ನಡುವೆ, ಎಲ್ಲರೂ ಫೋನು ಹಿಡಿದಿರುವ ಹೊತ್ತಿನಲ್ಲಿ ಮಾಡಿ.

ಹಳೆಯ ಸ್ಥಿರ ಸಂಖ್ಯೆ ಬೇಡವೆನ್ನುವವರು, ಎಲ್ಲ ಸಿದ್ಧವಾದ ಮೇಲೂ ಆ ಸಂಪರ್ಕವನ್ನು ಕೂಡಲೇ ಬಿಡಬೇಡಿ. ಒಂದು ತಿಂಗಳು ಎರಡೂ ಇರಲಿ. ಅಷ್ಟರಲ್ಲಿ ಬ್ಯಾಂಕ್, ಗ್ಯಾಸ್, ಆಸ್ಪತ್ರೆಗಳ ದಾಖಲೆಯಲ್ಲಿ ಯಾವ ಸಂಖ್ಯೆ ಇದೆಯೆಂದು ನೋಡಿ ಬದಲಿಸಿಕೊಳ್ಳಿ, ಒಂದೆರಡು ಸಲ ಕರೆಂಟು ಹೋದಾಗಲೂ ಕರೆ ನಿಲ್ಲದೆಂಬುದನ್ನು ಖಚಿತಪಡಿಸಿಕೊಳ್ಳಿ. ಅನಂತರ ರದ್ದತಿಯ ಅರ್ಜಿ ಕೊಟ್ಟು, ಠೇವಣಿ ಹಣದ ರಸೀದಿಯನ್ನು ಜೊತೆಗಿಟ್ಟು, ಅರ್ಜಿಯ ಪ್ರತಿಗೆ ಸೀಲು ಹಾಕಿಸಿಕೊಂಡು ಬನ್ನಿ.