ಕನ್ನಡ ಪುಸ್ತಕಗಳಿಗೆ ಕೋಹಾ: ಎಕ್ಸೆಲ್ ಪಟ್ಟಿಯಿಂದ ಹುಡುಕಿದರೆ ಸಿಗುವ ಕ್ಯಾಟಲಾಗ್‌ವರೆಗೆ

ಗ್ರಂಥಾಲಯದ ಕ್ಯಾಟಲಾಗ್, ಎರವಲು ನೋಡಿಕೊಳ್ಳುವ ತಂತ್ರಾಂಶವಾದ ಕೋಹಾವನ್ನು ಇನ್‌ಸ್ಟಾಲ್ ಮಾಡಲು ಅರ್ಧ ದಿನ ಸಾಕು. ಅದಾದ ಮೇಲೆ ಹುಡುಕು ಪೆಟ್ಟಿಗೆಯಲ್ಲಿ ‘ಕರ್ನಾಟಕ’ ಎಂದು ಟೈಪ್ ಮಾಡಿದರೆ ರ್ಯಾಕ್‌ನಲ್ಲಿ ಸಾಲಾಗಿ ನಿಂತಿರುವ ಪುಸ್ತಕಗಳಲ್ಲಿ ಒಂದೂ ತೋರಿಸುವುದಿಲ್ಲ. ಆಗ ಬಹಳಷ್ಟು ಕಡೆ ತಂತ್ರಾಂಶವನ್ನು ದೂರುತ್ತಾರೆ. ನಿಜವಾದ ತೊಂದರೆ ಇರುವುದು ಎರಡು ಕಡೆ: ಕನ್ನಡಕ್ಕೆ ಹೊಂದಿಸದ ಸೂಚಿ (ಹುಡುಕಾಟಕ್ಕಾಗಿ ತಂತ್ರಾಂಶ ಕಟ್ಟಿಕೊಳ್ಳುವ ಪದಪಟ್ಟಿ), ಮತ್ತು ವರ್ಷಗಳಿಂದ ಬೇರೆ ಬೇರೆಯವರು ಬೇರೆ ಬೇರೆ ಫಾಂಟ್‌ನಲ್ಲಿ ತುಂಬಿದ ಎಕ್ಸೆಲ್ ಪಟ್ಟಿ. ಇವೆರಡನ್ನೂ ಮೊದಲೇ ಸರಿಪಡಿಸಿಕೊಂಡರೆ ಉಳಿದದ್ದು ಸುಲಭ. ಇಲ್ಲಿ ಹೆಚ್ಚಿನ ಜಾಗ ಇವಕ್ಕೇ ಮೀಸಲು.

ಕೋಹಾ ಹುಟ್ಟಿದ್ದು ನ್ಯೂಜಿಲೆಂಡಿನಲ್ಲಿ. ಹೊರೊವೆನುವಾ ಲೈಬ್ರರಿ ಟ್ರಸ್ಟ್‌ಗಾಗಿ ಕಟಿಪೊ ಕಮ್ಯುನಿಕೇಷನ್ಸ್ 1999ರಲ್ಲಿ ಬರೆದ ಈ ತಂತ್ರಾಂಶ 2000ದ ಜನವರಿಯಲ್ಲಿ ಕೆಲಸ ಶುರುಮಾಡಿತು. ಮಾವೊರಿ ಭಾಷೆಯಲ್ಲಿ ಕೋಹಾ ಎಂದರೆ ಉಡುಗೊರೆ. ಜಿಪಿಎಲ್ ಎಂಬ ಮುಕ್ತ ಪರವಾನಗಿಯಲ್ಲಿರುವುದರಿಂದ ಲೈಸೆನ್ಸ್ ನವೀಕರಣವೆಂಬ ತಲೆನೋವಿಲ್ಲ. ಪುಸ್ತಕಗಳ ಮಾಹಿತಿಯೆಲ್ಲ ಗ್ರಂಥಾಲಯಗಳು ಬಳಸುವ ಮಾರ್ಕ್ 21 ಎಂಬ ದಾಖಲೆ ರೂಪದಲ್ಲಿ ನಿಮ್ಮ ಕೈಯಲ್ಲೇ ಇರುತ್ತದೆ, ನಾಳೆ ಬೇರೆ ವ್ಯವಸ್ಥೆಗೆ ಹೋಗಬೇಕೆಂದರೂ ಹೊತ್ತುಕೊಂಡು ಹೋಗಬಹುದು.

ಯಂತ್ರ ಮತ್ತು ಇನ್‌ಸ್ಟಾಲ್

ಹತ್ತು ಹದಿನೈದು ಸಾವಿರ ಪುಸ್ತಕಗಳ ಕಾಲೇಜು ಗ್ರಂಥಾಲಯಕ್ಕೆ ಎರಡು ಕೋರ್, 4 ಜಿಬಿ ರ್ಯಾಮ್, ಒಂದು ಎಸ್‌ಎಸ್‌ಡಿ ಇರುವ ಕಂಪ್ಯೂಟರ್ ಸಾಕಾಗುತ್ತದೆ. 8 ಜಿಬಿ ಸಿಕ್ಕರೆ ಇನ್ನೂ ಒಳ್ಳೆಯದು. ಯುಪಿಎಸ್ ಮಾತ್ರ ಬೇಕೇ ಬೇಕು. ಡೇಟಾಬೇಸ್ ಬರೆಯುತ್ತಿರುವಾಗ ಕರೆಂಟ್ ಹೋದರೆ ಟೇಬಲ್ ಕೆಡಬಹುದು. ಡೆಬಿಯನ್ ಅಥವಾ ಉಬುಂಟುವಿನ ದೀರ್ಘಾವಧಿ ಆವೃತ್ತಿ ಹಾಕಿ, ಕೋಹಾ ಸಮುದಾಯದ ರೆಪಾಸಿಟರಿ ಸೇರಿಸಿ, ಅಲ್ಲಿಂದಲೇ ಕೋಹಾ-ಕಾಮನ್ ಪ್ಯಾಕೇಜ್ ತೆಗೆದುಕೊಳ್ಳಿ. ಕೋಹಾದ ದೊಡ್ಡ ಬಿಡುಗಡೆ ವರ್ಷಕ್ಕೆ ಎರಡು ಸಲ, ಮೇ ಮತ್ತು ನವೆಂಬರ್‌ನಲ್ಲಿ ಬರುತ್ತದೆ. ಬಿಡುಗಡೆಯಾದ ವಾರವೇ ಅದನ್ನು ಹಾಕಬೇಡಿ, ಅದರ ಹಿಂದಿನ ಸ್ಥಿರ ಆವೃತ್ತಿ ಇಟ್ಟುಕೊಂಡರೆ ನೆಮ್ಮದಿ.

ಬ್ರೌಸರ್‌ನಲ್ಲಿ ಇನ್‌ಸ್ಟಾಲರ್ ತೆರೆದಾಗ ಕೇಳುವ ಹೆಸರು, ಪಾಸ್‌ವರ್ಡ್ ಡೇಟಾಬೇಸಿನವು. ಪಾಸ್‌ವರ್ಡ್ ನಿಮ್ಮ ಇನ್‌ಸ್ಟೆನ್ಸ್‌ನ (ಅಂದರೆ ನಿಮ್ಮ ಗ್ರಂಥಾಲಯಕ್ಕಾಗಿ ತೆರೆದ ಕೋಹಾದ) ಕೋಹಾ-ಕಾನ್ಫ್ ಕಡತದಲ್ಲಿ ಇರುತ್ತದೆ. ಮಾರ್ಕ್ ಬಗೆ ಕೇಳಿದಾಗ ಮಾರ್ಕ್ 21 ಆರಿಸಿ. ಗ್ರಂಥಾಲಯದ ಕೋಡ್ ಚಿಕ್ಕದಾಗಿರಲಿ, ಯೋಚಿಸಿ ಇಡಿ, ಏಕೆಂದರೆ ಆಮೇಲೆ ಬದಲಿಸಲು ಬರುವುದಿಲ್ಲ. ಸೂಪರ್ ಲೈಬ್ರೇರಿಯನ್ ಖಾತೆ ತೆರೆದ ಮೇಲೆ ಡೇಟಾಬೇಸ್ ಹೆಸರಿನಲ್ಲಿ ಮತ್ತೆ ಲಾಗಿನ್ ಆಗಬೇಡಿ.

ಪುಸ್ತಕ ತುಂಬುವ ಮೊದಲು ಸೂಚಿ

ಬೇರೆ ಆಯ್ಕೆ ಮಾಡದಿದ್ದರೆ ಕೋಹಾ ಹುಡುಕಾಟಕ್ಕೆ ಬಳಸುವುದು ಜೀಬ್ರಾ ಎಂಬ ಸೂಚಿ ಎಂಜಿನ್. ಇದಕ್ಕೆ ಎರಡು ಬಗೆಯ ಅಕ್ಷರ ನಿಯಮಗಳಿವೆ. ಹಳೆಯ ಚಾರ್‌ಮ್ಯಾಪ್ ಲ್ಯಾಟಿನ್ ಲಿಪಿಗಳಿಗೆ ಹೊಂದಿಸಿದ್ದು. ಅದರಲ್ಲಿ ಕನ್ನಡ ಹುಡುಕಿದರೆ ಏನೂ ಸಿಗದೆ ಹೋಗಬಹುದು, ಇಲ್ಲವೇ ಸಂಬಂಧವೇ ಇಲ್ಲದ ಪುಸ್ತಕಗಳು ಬರಬಹುದು. ನಮಗೆ ಬೇಕಾದದ್ದು ಯೂನಿಕೋಡಿನ ಲಿಪಿಗಳನ್ನು ಅರಿತ ಐಸಿಯು. ಇಟಿಸಿ ಫೋಲ್ಡರಿನ ಒಳಗೆ ಕೋಹಾ, ಅದರೊಳಗೆ ಜೀಬ್ರಾಡಿಬಿ, ಅದರೊಳಗಿನ ಇಟಿಸಿಯಲ್ಲಿ ಡೀಫಾಲ್ಟ್ ಡಾಟ್ ಐಡಿಎಕ್ಸ್ ಎಂಬ ಕಡತವಿದೆ. ಪದಗಳ ಸೂಚಿಯಲ್ಲಿ ಚಾರ್‌ಮ್ಯಾಪ್ ಸಾಲನ್ನು ನಿಷ್ಕ್ರಿಯಗೊಳಿಸಿ, ಅದರ ಬದಲು ಐಸಿಯುಚೈನ್ ಸಾಲಿನಲ್ಲಿ ವರ್ಡ್ಸ್-ಐಸಿಯು ಕಡತದ ಹೆಸರು ಕೊಡಿ. ಪದಗುಚ್ಛದ ಸೂಚಿಗೆ ಫ್ರೇಸಸ್-ಐಸಿಯು. ಆಮೇಲೆ ಜೀಬ್ರಾ ಮರುಪ್ರಾರಂಭಿಸಿ, ಕೋಹಾ-ರೀಬಿಲ್ಡ್-ಜೀಬ್ರಾ ಆದೇಶದಿಂದ ಇಡೀ ಸೂಚಿಯನ್ನು ಹೊಸದಾಗಿ ಕಟ್ಟಿಸಿ. ಮುಂದೆ ಅಪ್‌ಗ್ರೇಡ್ ಮಾಡುವಾಗ ಈ ಕಡತವನ್ನು ಹೊಸದರಿಂದ ಬದಲಿಸಲೇ ಎಂದು ಕೇಳಿದರೆ ನಿಮ್ಮದನ್ನೇ ಉಳಿಸಿಕೊಳ್ಳಿ. ನೋಡದೆ ಒಪ್ಪಿದರೆ ಮರುದಿನ ಕನ್ನಡ ಹುಡುಕಾಟ ನಿಂತಿರುತ್ತದೆ.

ಇನ್ನೊಂದು ಸೂಕ್ಷ್ಮ ಇದೆ. ಒಂದೇ ಪದವನ್ನು ಒಬ್ಬರು ಅಗೋಚರ ಜೋಡಕ ಅಕ್ಷರಗಳನ್ನು, ಅಂದರೆ ಜಡ್‌ಡಬ್ಲ್ಯುಜೆ ಅಥವಾ ಜಡ್‌ಡಬ್ಲ್ಯುಎನ್‌ಜೆಯನ್ನು, ಸೇರಿಸಿ ಟೈಪ್ ಮಾಡಿರುತ್ತಾರೆ, ಇನ್ನೊಬ್ಬರು ಇಲ್ಲದೆ. ಕಣ್ಣಿಗೆ ವ್ಯತ್ಯಾಸ ಅತ್ಯಲ್ಪ, ಸೂಚಿಗೆ ಅವು ಎರಡು ಬೇರೆ ಪದಗಳು. ಆ ಎರಡು ಐಸಿಯು ಕಡತಗಳಲ್ಲಿ ಈ ಎರಡು ಅಕ್ಷರಗಳನ್ನು ತೆಗೆದುಹಾಕುವ ನಿಯಮವೊಂದನ್ನು ಸೇರಿಸಿದರೆ ಪುಸ್ತಕದ ಹೆಸರು ಪರದೆಯಲ್ಲಿ ಮೊದಲಿನಂತೆಯೇ ಇರುತ್ತದೆ, ಹುಡುಕಾಟ ಮಾತ್ರ ಎರಡನ್ನೂ ಒಂದೇ ಎಂದು ಎಣಿಸುತ್ತದೆ.

ಅಡ್ಮಿನಿಸ್ಟ್ರೇಷನ್‌ನ ಸಿಸ್ಟಮ್ ಪ್ರಿಫರೆನ್ಸಸ್‌ನಲ್ಲಿ ಕ್ವೆರಿಆಟೊಟ್ರಂಕೇಟ್ ಎಂಬುದನ್ನು ಸ್ವಯಂಚಾಲಿತಕ್ಕೆ ಇಡಿ. ಇಂಗ್ಲಿಷಿಗಿಂತ ಕನ್ನಡಕ್ಕೆ ಇದು ಹೆಚ್ಚು ಮುಖ್ಯ, ಏಕೆಂದರೆ ನಮ್ಮಲ್ಲಿ ವಿಭಕ್ತಿ ಪದಕ್ಕೇ ಅಂಟಿಕೊಳ್ಳುತ್ತದೆ. ಇದಿಲ್ಲದಿದ್ದರೆ ‘ಕರ್ನಾಟಕ’ ಎಂದು ಹುಡುಕಿದವರಿಗೆ ‘ಕರ್ನಾಟಕದ ಇತಿಹಾಸ’ ಸಿಗುವುದಿಲ್ಲ. ಆದರೂ ‘ಊರು’ ಎಂದು ಹುಡುಕಿದರೆ ‘ಊರಿನ’ ಬರುವುದಿಲ್ಲ, ಏಕೆಂದರೆ ಕೊನೆಯ ಸ್ವರಚಿಹ್ನೆ ಬದಲಾಗಿದೆ. ‘ಊರ’ ಎಂದು ಟೈಪ್ ಮಾಡಿದರೆ ಊರು, ಊರಿನ, ಊರಲ್ಲಿ ಮೂರೂ ಬರುತ್ತವೆ. ಹುಡುಕು ಪೆಟ್ಟಿಗೆಯ ಕೆಳಗೆ ‘ಕೊನೆಯ ಸ್ವರ ಬಿಟ್ಟು ಟೈಪ್ ಮಾಡಿ’ ಎಂದು ಒಂದು ಸಾಲು ಬರೆದಿಟ್ಟರೆ ಓದುಗರಿಗೆ ದೊಡ್ಡ ಉಪಕಾರ.

ಎಕ್ಸೆಲ್ ಪಟ್ಟಿಯನ್ನು ತೊಳೆಯುವುದು

ಅತಿ ಹೆಚ್ಚು ಸಮಯ ಹಿಡಿಯುವ ಕೆಲಸ ಇದೇ. ಇಲ್ಲಿ ಉಳಿಸಿದ ಪ್ರತಿ ಗಂಟೆಗೆ ಮುಂದೆ ಹತ್ತು ಗಂಟೆ ತೆರಬೇಕಾಗುತ್ತದೆ.

ಮೊದಲು ಪಟ್ಟಿ ಯೂನಿಕೋಡ್‌ನಲ್ಲಿದೆಯೇ ನೋಡಿ. ಶೀರ್ಷಿಕೆಯ ಕಾಲಂ ಆಯ್ಕೆ ಮಾಡಿ ಫಾಂಟನ್ನು ನೋಟೊ ಸಾನ್ಸ್ ಕನ್ನಡ ಅಥವಾ ತುಂಗಾಕ್ಕೆ ಬದಲಿಸಿ. ಕನ್ನಡವಾಗಿಯೇ ಉಳಿದರೆ ಸರಿ. ಕೊಂಬು, ಚುಕ್ಕೆ ಹೊತ್ತ ರೋಮನ್ ಅಕ್ಷರಗಳ ಗೊಂಚಲಾದರೆ ಅದು ಹಳೆಯ ನುಡಿ, ಬರಹ ಅಥವಾ ಶ್ರೀಲಿಪಿ ಫಾಂಟಿನ ಪಠ್ಯ, ಪರಿವರ್ತನೆ ಆಗಲೇಬೇಕು. ಪರಿವರ್ತಿಸುವ ಮೊದಲು ಇಂಗ್ಲಿಷ್ ಪುಸ್ತಕಗಳ ಸಾಲುಗಳನ್ನು ಬೇರೆ ಶೀಟಿಗೆ ತೆಗೆದಿಡಿ. ಪರಿವರ್ತಕಕ್ಕೆ ಇಂಗ್ಲಿಷ್ ಯಾವುದು, ಹಳೆಯ ಫಾಂಟಿನ ಕನ್ನಡ ಯಾವುದು ಎಂದು ಗೊತ್ತಾಗುವುದಿಲ್ಲ, ಇಂಗ್ಲಿಷ್ ಹೆಸರುಗಳನ್ನೂ ಅರ್ಥವಿಲ್ಲದ ಕನ್ನಡ ಮಾಡಿಬಿಡುತ್ತದೆ. ಬೆಲೆ, ವರ್ಷ, ಅಕ್ಸೆಷನ್ ನಂಬರ್ (ಗ್ರಂಥಾಲಯ ಪ್ರತಿ ಪುಸ್ತಕಕ್ಕೆ ಕೊಟ್ಟ ಕ್ರಮಸಂಖ್ಯೆ) ಕಾಲಂಗಳನ್ನು ಪರಿವರ್ತಕಕ್ಕೆ ಕೊಡಲೇಬೇಡಿ.

ಯೂನಿಕೋಡ್ ಆದ ಮೇಲೂ ಎರಡು ತಪ್ಪು ಉಳಿದಿರುತ್ತವೆ. ಒಂದು, ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿ ಸೊನ್ನೆ. ‘ಸಂಗೀತ’ ಮತ್ತು ‘ಸ೦ಗೀತ’ ಇವೆರಡನ್ನೂ ಹತ್ತಿರದಿಂದ ನೋಡಿ. ಮೊದಲನೆಯದು ಅನುಸ್ವಾರ, ಎರಡನೆಯದು ಅಂಕಿ. ಬಹಳ ಫಾಂಟ್‌ಗಳಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಓದುಗ ಸರಿಯಾಗಿ ಟೈಪ್ ಮಾಡಿದರೂ ಎರಡನೆಯ ಬಗೆಯಲ್ಲಿ ತುಂಬಿದ ಪುಸ್ತಕ ಅವನಿಗೆ ಎಂದೂ ಸಿಗುವುದಿಲ್ಲ. ಇನ್ನೊಂದು, ಅರ್ಕಾವೊತ್ತಿನ ಜಾಗದಲ್ಲಿ ಅಂಕಿ ಒಂಬತ್ತು: ‘ಕನಾ೯ಟಕ’, ‘ಕಾಯ೯’. ಸೊನ್ನೆಯನ್ನು ಹುಡುಕಿ-ಬದಲಿಸಿ ಒಟ್ಟಿಗೇ ಸರಿಪಡಿಸಬಹುದು. ಆದರೆ ಅದಕ್ಕೆ ಮೊದಲು ‘೧೦೦ ಗಾದೆಗಳು’ ಎಂಬಂಥ ನಿಜವಾದ ಅಂಕಿಗಳಿರುವ ಸಾಲುಗಳನ್ನು ಫಿಲ್ಟರ್ ಮಾಡಿ ಪಕ್ಕಕ್ಕಿಡಿ. ಒಂಬತ್ತನ್ನು ಹಾಗೆ ಬದಲಿಸಲು ಬರುವುದಿಲ್ಲ, ಏಕೆಂದರೆ ‘ರ್’ ಹಿಂದಿನ ಅಕ್ಷರಕ್ಕೂ ಮುಂಚೆ ಹೋಗಿ ಕೂರಬೇಕು. ಫಿಲ್ಟರ್ ಮಾಡಿ ಕೈಯಿಂದ ತಿದ್ದುವುದೇ ದಾರಿ.

ಪ್ರಕಾಶಕರ ಹೆಸರುಗಳಿಗೆ ಪಟ್ಟಿ ತೊಳೆಯುವ ಉಪಕರಣವಾದ ಓಪನ್‌ರಿಫೈನ್ ಬಳಸಿ. ಒಂದೇ ಪ್ರಕಾಶನ ‘ನವಕರ್ನಾಟಕ’, ‘ನವ ಕರ್ನಾಟಕ’, ‘ನವಕರ್ನಾಟಕ ಪಬ್ಲಿಕೇಷನ್ಸ್’ ಎಂದು ಚದುರಿರುವುದು ಅದರ ಫೆಸೆಟ್ ಪಟ್ಟಿಯಲ್ಲಿ ಒಂದರ ಕೆಳಗೊಂದು ಕಾಣುತ್ತದೆ, ಅಲ್ಲೇ ಒಂದಾಗಿಸಬಹುದು.

ಅಕ್ಸೆಷನ್ ನಂಬರ್ ಮತ್ತು ಐಎಸ್‌ಬಿಎನ್ ಕಾಲಂಗಳನ್ನು ಪಠ್ಯ ಮಾದರಿಯಲ್ಲಿಡಿ. ಇಲ್ಲದಿದ್ದರೆ 000123 ಎಂಬುದು 123 ಆಗುತ್ತದೆ, 13 ಅಂಕಿಯ ಐಎಸ್‌ಬಿಎನ್ 9.78E+12 ಎಂಬಂಥ ರೂಪಕ್ಕೆ ತಿರುಗಿ ಕೊನೆಯ ಅಂಕಿಗಳನ್ನು ಕಳೆದುಕೊಳ್ಳಬಹುದು. ಬೆಲೆಯಲ್ಲಿ ‘ರೂ.’ ಬೇಡ, ಬರೀ ಸಂಖ್ಯೆ. ದಿನಾಂಕ 2019-06-14 ಎಂಬ ಕ್ರಮದಲ್ಲೇ ಇರಲಿ. ಒಂದೇ ಅಕ್ಸೆಷನ್ ನಂಬರ್ ಎರಡು ಸಲ ಬಂದಿದೆಯೇ ಎಂದು ಈಗಲೇ ನೋಡಿ. ಕೋಹಾ ಎರಡನೆಯ ಪ್ರತಿಯನ್ನು ಸೇರಿಸುವುದಿಲ್ಲ, ಆದರೆ ಅದರ ಶೀರ್ಷಿಕೆ ದಾಖಲೆ ಮಾತ್ರ ಪ್ರತಿಯಿಲ್ಲದೆ ಉಳಿಯುತ್ತದೆ.

ಯಾವುದು ಯಾವ ಫೀಲ್ಡಿಗೆ

ಮಾರ್ಕ್‌ನಲ್ಲಿ ಪ್ರತಿ ಫೀಲ್ಡಿಗೂ ಮೂರಂಕಿಯ ಸಂಖ್ಯೆ, ಅದರೊಳಗಿನ ಉಪಫೀಲ್ಡಿಗೆ ಒಂದು ಅಕ್ಷರ ಇರುತ್ತದೆ. ಶೀರ್ಷಿಕೆ 245ರ ಎ, ಉಪಶೀರ್ಷಿಕೆ ಬಿ, ಪುಟದಲ್ಲಿ ಮುದ್ರಿಸಿದಂತೆ ಲೇಖಕರ ಹೆಸರು ಸಿ. ರೋಮನ್ ಅಕ್ಷರದಲ್ಲಿ ಹುಡುಕುವ ವಿದ್ಯಾರ್ಥಿಗಳು ಬಹಳ, ಆದ್ದರಿಂದ ಅದೇ ಶೀರ್ಷಿಕೆಯ ರೋಮನ್ ರೂಪವನ್ನು 246ರಲ್ಲಿ ಕೊಡಿ. ಪ್ರಕಟಣೆ 260 ಅಥವಾ 264, ಪುಟಸಂಖ್ಯೆ 300, ವಿಷಯ 650.

ಭಾಷೆಗೆ 041ರಲ್ಲಿ ಕನ್ನಡದ ಮೂರಕ್ಷರದ ಸಂಕೇತ. ಅನುವಾದವಾದರೆ ಮೊದಲ ಸೂಚಕ (ಫೀಲ್ಡಿನ ಆರಂಭದಲ್ಲಿ ಬರುವ ಅಂಕಿ) 1, ಎಚ್ ಉಪಫೀಲ್ಡಿನಲ್ಲಿ ಮೂಲ ಭಾಷೆ. 008ರಲ್ಲಿ 35ರಿಂದ 37ರವರೆಗಿನ ಸ್ಥಾನಗಳಲ್ಲೂ ಕನ್ನಡದ ಸಂಕೇತವೇ ಇರಬೇಕು. ಪರಿವರ್ತನೆಯ ಉಪಕರಣಗಳು ಅಲ್ಲಿ ತಾವಾಗಿಯೇ ಇಂಗ್ಲಿಷ್ ತುಂಬಿಬಿಡುತ್ತವೆ, ಆಮೇಲೆ ಇಡೀ ಕನ್ನಡ ವಿಭಾಗ ಇಂಗ್ಲಿಷ್ ಪುಸ್ತಕಗಳೆಂದು ತೋರುತ್ತದೆ.

ಲೇಖಕರ ಹೆಸರು 100ರಲ್ಲಿ. ‘ಬೇಂದ್ರೆ, ದ. ರಾ.’ ಎಂದಾಗ ಮೊದಲ ಸೂಚಕ 1. ‘ಕುವೆಂಪು’ ಒಂಟಿ ಹೆಸರು, ಸೂಚಕ 0. ಕುವೆಂಪು ಅವರ ಅಥಾರಿಟಿ ದಾಖಲೆಯ (ಒಬ್ಬರ ಹೆಸರಿನ ಎಲ್ಲ ರೂಪಗಳನ್ನು ಒಟ್ಟಿಗಿಡುವ ದಾಖಲೆ) 400ರಲ್ಲಿ ‘ಪುಟ್ಟಪ್ಪ, ಕೆ. ವಿ.’ ಸೇರಿಸಿ, ಬೇಂದ್ರೆ ಅವರದಕ್ಕೆ ‘ಅಂಬಿಕಾತನಯದತ್ತ’. ಇಷ್ಟಕ್ಕೇ ಪುಟ್ಟಪ್ಪ ಎಂದು ಹುಡುಕಿದವರಿಗೆ ಕುವೆಂಪು ಪುಸ್ತಕ ಬರುವುದಿಲ್ಲ. ಇನ್‌ಕ್ಲೂಡ್‌ಸೀಫ್ರಮ್‌ಇನ್‌ಸರ್ಚಸ್ ಪ್ರಿಫರೆನ್ಸ್ ಆನ್ ಮಾಡಿ ಸೂಚಿಯನ್ನು ಮತ್ತೊಮ್ಮೆ ಕಟ್ಟಿಸಬೇಕು.

ಪ್ರತಿಯ ವಿವರವೆಲ್ಲ 952ರಲ್ಲಿ: ಎ ಮತ್ತು ಬಿಯಲ್ಲಿ ಗ್ರಂಥಾಲಯದ ಕೋಡ್, ಡಿಯಲ್ಲಿ ಕೊಂಡ ದಿನ, ಜಿಯಲ್ಲಿ ಬೆಲೆ, ಒನಲ್ಲಿ ಕಾಲ್ ನಂಬರ್ (ರ್ಯಾಕ್‌ನಲ್ಲಿನ ಜಾಗ ಹೇಳುವ ಸಂಖ್ಯೆ), ಪಿಯಲ್ಲಿ ಬಾರ್‌ಕೋಡ್, ವೈಯಲ್ಲಿ ಪುಸ್ತಕದ ಬಗೆ. 942ರ ಸಿಯಲ್ಲೂ ಬಗೆ ಬೇಕು. ಬಾರ್‌ಕೋಡ್‌ಗೆ ಅಕ್ಸೆಷನ್ ನಂಬರನ್ನೇ ಬಳಸಿ. ಡ್ಯೂಯಿ ವರ್ಗೀಕರಣದಲ್ಲಿ ಕನ್ನಡ ಕಾವ್ಯ 894.8141, ನಾಟಕ 894.8142, ಕಥೆ ಕಾದಂಬರಿ 894.8143. ಪುಸ್ತಕದ ಬೆನ್ನ ಮೇಲೆ ಈಗಾಗಲೇ ಬೇರೆ ಪದ್ಧತಿಯ ನಂಬರ್ ಇದ್ದರೆ ಅದನ್ನೇ ತುಂಬಿ. ವರ್ಗೀಕರಣ ಬದಲಿಸುವುದನ್ನೂ ಗಣಕೀಕರಣವನ್ನೂ ಒಟ್ಟಿಗೆ ಹಿಡಿದರೆ ಎರಡೂ ಅರ್ಧಕ್ಕೆ ನಿಲ್ಲುತ್ತವೆ.

ಒಳತರುವುದು

ಪಟ್ಟಿಯನ್ನು ಯುಟಿಎಫ್-8 ರೂಪದಲ್ಲಿ ಉಳಿಸಿ, ಮಾರ್ಕ್‌ಎಡಿಟ್ ಎಂಬ ಉಪಕರಣದಿಂದ ಮಾರ್ಕ್ ಕಡತ ಮಾಡಿಕೊಳ್ಳಿ. ಇದು ಉಚಿತ, ಆದರೆ ಮುಕ್ತ ತಂತ್ರಾಂಶವಲ್ಲ. ಒಂದು ಶೀರ್ಷಿಕೆಗೆ ಒಂದೇ ಸಾಲು ಇರಲಿ, ಹೆಚ್ಚಿನ ಪ್ರತಿಗಳ ನಂಬರಿಗೆ ಪಕ್ಕದ ಕಾಲಂಗಳು. ಪ್ರತಿಯೊಂದು ಪ್ರತಿಗೆ ಸೇರಿದ 952ರ ಉಪಫೀಲ್ಡುಗಳನ್ನು ಜಾಯಿನ್ ಐಟಮ್ಸ್ ಬಳಸಿ ಒಂದಾಗಿಸಬೇಕು. ಇದನ್ನು ಮರೆತರೆ ಬಾರ್‌ಕೋಡ್ ಒಂದು 952ರಲ್ಲಿ, ಬೆಲೆ ಇನ್ನೊಂದರಲ್ಲಿ ಹೋಗಿ, ಒಂದು ಪುಸ್ತಕಕ್ಕೆ ಆರೇಳು ಮುರುಕು ಪ್ರತಿಗಳು ಹುಟ್ಟುತ್ತವೆ.

ಕೋಹಾದಲ್ಲಿ ಸ್ಟೇಜ್ ರೆಕಾರ್ಡ್ಸ್ ತೆರೆದು ಮೊದಲು 25 ದಾಖಲೆ ಮಾತ್ರ ಕೊಡಿ. ಎನ್‌ಕೋಡಿಂಗ್ ಯುಟಿಎಫ್-8, ಪ್ರತಿಗಳ ಮಾಹಿತಿ ನೋಡು ಎಂಬುದಕ್ಕೆ ಹೌದು. ಹಳೆಯ ಕನ್ನಡ ಪುಸ್ತಕ ಬಹಳಷ್ಟಕ್ಕೆ ಐಎಸ್‌ಬಿಎನ್ ಇಲ್ಲದ ಕಾರಣ ಅದರಿಂದ ಹೋಲಿಸುವ ನಿಯಮವನ್ನು ನೆಚ್ಚಬೇಡಿ. ತಂದಾದ ಮೇಲೆ ಐದು ಪುಸ್ತಕಗಳನ್ನು ರ್ಯಾಕ್‌ನಿಂದ ತೆಗೆದು ಪರದೆಯೊಂದಿಗೆ ಹೋಲಿಸಿ. ತಪ್ಪಿದ್ದರೆ ಕೋಹಾದಲ್ಲಿ ಒಳತಂದ ದಾಖಲೆಗಳ ಪಟ್ಟಿಯಿಂದ ಅನ್‌ಡೂ ಮಾಡಿ, ಮೂಲ ಶೀಟ್ ತಿದ್ದಿ ಮತ್ತೆ ತನ್ನಿ. ಪುಸ್ತಕ ಎರವಲು ಕೊಟ್ಟ ಮೇಲೆ ಈ ದಾರಿ ಮುಚ್ಚಿಹೋಗುತ್ತದೆ.

ಲೇಬಲ್, ಎರವಲು, ಬ್ಯಾಕಪ್

ಕೋಹಾದ ಲೇಬಲ್ ಉಪಕರಣ ಬಾರ್‌ಕೋಡ್‌ಗೆ ಚೆನ್ನಾಗಿದೆ, ಕನ್ನಡಕ್ಕಲ್ಲ. ಅದು ಬಳಸುವ ಡೇಜಾವು ಫಾಂಟಿನಲ್ಲಿ ಕನ್ನಡ ಅಕ್ಷರಗಳೇ ಇಲ್ಲ, ‘ಕುವೆ’ ಎಂಬಲ್ಲಿ ಚೌಕಗಳು ಬರುತ್ತವೆ. ಬೆನ್ನಿನ ಲೇಬಲಿಗೆ ಅದೇ ಪಟ್ಟಿಯನ್ನು ಸಿಎಸ್‌ವಿಯಾಗಿ ಇಳಿಸಿಕೊಂಡು ಲಿಬ್ರೆಆಫೀಸ್‌ನ ಮೇಲ್ ಮರ್ಜ್‌ನಲ್ಲಿ ಮುದ್ರಿಸಿ.

ಎರವಲು ನಿಯಮ ಬರೆಯದೆ ಪುಸ್ತಕ ಕೊಡಲು ಹೋದರೆ ಕೋಹಾ ತಡೆಯುತ್ತದೆ. ಎಲ್ಲ ಸದಸ್ಯರಿಗೂ ಎಲ್ಲ ಬಗೆಗೂ ಅನ್ವಯಿಸುವ ಒಂದು ಸಾಮಾನ್ಯ ನಿಯಮ ಮೊದಲು ಹಾಕಿ, ವಿದ್ಯಾರ್ಥಿ, ಅಧ್ಯಾಪಕ ಎಂದು ಆಮೇಲೆ ಬೇರೆ ಮಾಡಿ. ದಂಡ ಬೀಳದಿದ್ದರೆ ಮೂರು ಜಾಗ ನೋಡಿ: ನಿಯಮದಲ್ಲಿ ದಂಡದ ಅವಧಿ 0 ಇದೆಯೇ, ಫೈನ್ಸ್‌ಮೋಡ್ ಆನ್ ಇದೆಯೇ, ರಾತ್ರಿ ಓಡಬೇಕಾದ ಕ್ರಾನ್ (ನಿಗದಿತ ಸಮಯಕ್ಕೆ ತಾನಾಗಿ ನಡೆಯುವ) ಕೆಲಸದ ಹೊತ್ತಿಗೆ ಕಂಪ್ಯೂಟರ್ ಆಫ್ ಆಗಿರುತ್ತದೆಯೇ. ಸಣ್ಣ ಗ್ರಂಥಾಲಯಗಳಲ್ಲಿ ಸಾಮಾನ್ಯವಾಗಿ ಕಾರಣ ಮೂರನೆಯದೇ. ಕ್ಯಾಲೆಂಡರಿನಲ್ಲಿ ಭಾನುವಾರ, ಸರ್ಕಾರಿ ರಜೆ ಗುರುತಿಸದಿದ್ದರೆ ಬಾಗಿಲು ಮುಚ್ಚಿದ ದಿನಕ್ಕೂ ಮಕ್ಕಳು ದಂಡ ಕಟ್ಟಬೇಕಾಗುತ್ತದೆ.

ಪ್ಯಾಕೇಜ್ ತಾನಾಗಿಯೇ ದಿನಕ್ಕೊಂದು ಬ್ಯಾಕಪ್ ತೆಗೆಯುತ್ತದೆ, ಆದರೆ ಅದೇ ಡಿಸ್ಕಿನಲ್ಲಿ, ಕೆಲವೇ ದಿನಗಳದ್ದು. ಡೇಟಾಬೇಸಿನದೊಂದು, ಸಂರಚನೆಯದೊಂದು, ಹೀಗೆ ಎರಡು ಕಡತಗಳಿರುತ್ತವೆ. ಎರಡನ್ನೂ ವಾರಕ್ಕೊಮ್ಮೆಯಾದರೂ ಹೊರಗಿನ ಡಿಸ್ಕಿಗೆ ಹಾಕಿ ಬೇರೆ ಕೋಣೆಯ ಬೀರುವಿನಲ್ಲಿ ಬೀಗ ಹಾಕಿಡಿ, ಅದರಲ್ಲಿ ಸದಸ್ಯರ ವಿಳಾಸ, ಫೋನ್ ನಂಬರ್ ಎಲ್ಲ ಇದೆ. ವರ್ಷಕ್ಕೆರಡು ಸಲ ಹಳೆಯ ಕಂಪ್ಯೂಟರೊಂದರಲ್ಲಿ ಕೋಹಾ-ರಿಸ್ಟೋರ್ ಮಾಡಿ, ಸೂಚಿ ಕಟ್ಟಿಸಿ, ‘ಊರ’ ಎಂದು ಹುಡುಕಿ ನೋಡಿ. ಪುಸ್ತಕಗಳು ಬಂದರೆ ಆ ಬ್ಯಾಕಪ್ ಸರಿಯಿದೆ.