ಅರ್ಧಕ್ಕ ನಿಲ್ಸಿದ ಕ್ಯಾರಲ್: ಸಂಡೇ ಸ್ಕೂಲ್‌ದಾಗ ನಾ ಮಾಡಿ ನೋಡಿದ್ದು

ಕ್ಯಾರಲ್, ಅಂದ್ರ ಕ್ರಿಸ್‌ಮಸ್ ಹಾಡಿನಿಂದನ ಹುಡುಗ್ರಿಗೆ ಯೇಸುಸ್ವಾಮಿ ಹುಟ್ಟಿದ ಕತಿ ಕಲಸಿದ್ದರ ಸುದ್ದಿ ಇದು. ಮೊದಲ ಆಗಿದ್ದೇನು ಅಂತ ಹೇಳಿಬಿಡ್ತೀನಿ. ಹೋದ ಕ್ರಿಸ್‌ಮಸ್‌ಕ್ಕ ನಮ್ಮ ಬೆಟಗೇರಿ ಚರ್ಚಿನ ಸಂಡೇ ಸ್ಕೂಲಿನ ಮೂರನೇತ್ತ, ನಾಕನೇತ್ತ ಓದೋ ಹುಡುಗ್ರು ಗಬ್ರಿಯೇಲ ದೂತ ಮರಿಯಳ ಹತ್ರ ಬಂದಲ್ಲಿಂದ ಹಿಡಿದು ನಕ್ಷತ್ರ ನೋಡಿ ಬಂದ ಜ್ಞಾನಿಗಳು ಬ್ಯಾರೆ ದಾರಿಲೇ ಊರಿಗೆ ಹೊಳ್ಳಿ ಹೋಗೂತನಕ ಇಡೀ ಕತಿ ಪುಸ್ತಕ ನೋಡದ, ನಡುವ ಯಾರೂ ಎತ್ತಿಕೊಡದ ಹೇಳಿದ್ರು. ಯಾವ ಭಾಗ ಬೈಬಲ್ಲಿನ ಲೂಕದಾಗ ಐತಿ, ಯಾವುದು ಮತ್ತಾಯದಾಗ ಐತಿ ಅನ್ನೋದನ್ನೂ ಹೇಳಿದ್ರು, ಅದು ದೊಡ್ಡೋರಿಗೂ ಸಸಾರ ಅಲ್ಲ. "ಹಾಡಿನಿಂದ ಹಾಡಷ್ಟ ಬರತೈತಿ, ಕತಿ ಬರೂದಿಲ್ಲ ತಂಗಿ" ಅಂತ ಅಂದಿದ್ದ ಸಭೆ ಹಿರಿಯರ ಈಗ "ಈ ವರ್ಷಾನೂ ನೀನ ನಡಸು" ಅಂದಾರ. ಬ್ಯಾರೆ ಊರಿನ ಟೀಚರ್ಸ್ ಫೋನ್ ಮಾಡಿ ಕೇಳಾಕತ್ತಾರ, ಅದಕ್ಕ ಒಂದ ಸಲ ಬರದ ಇಡೂನು ಅಂತ ಕುಂತೀನಿ.

ಹಿಂದಿನ ವರ್ಷಗಳ ಲೆಕ್ಕ ಹೇಳಬೇಕು, ಯಾಕಂದ್ರ ರೊಕ್ಕ ಹೋಗಿದ್ದ ಅಲ್ಲೇ. ಎಲ್ಲಾರೂ ಮಾಡೋ ಹಂಗ ನಾವೂ ನಾಟಕ ಮಾಡಸ್ತಿದ್ವಿ. ಹುಬ್ಬಳ್ಳಿಯಿಂದ ಡ್ರೆಸ್ ಬಾಡಿಗಿ ತರೋದು, ದೂತರಿಗೆ ರೆಕ್ಕಿ, ಜ್ಞಾನಿಗಳಿಗೆ ಕಿರೀಟ, ಅದಕ್ಕ ನಾಕ ಸಾವಿರದ ಹತ್ರ. ಕೀಬೋರ್ಡ್ ಮತ್ತ ಪ್ಯಾಡ್ ಬಾರಸೋರಿಗೆ ಒಂದ ಸಂಜಿಗೆ ಮೂರೂವರಿ ಸಾವಿರ. ಒಂದ ವರ್ಷ ಬ್ಲೂಟೂತ್ ಸ್ಪೀಕರ್ ತಗೊಂಡು ಮೊಬೈಲ್‌ನ್ಯಾಗ ಟ್ರ್ಯಾಕ್ ಹಚ್ಚಿ ಹಾಡಸಿದ್ವಿ, ಅದೊಂದು ಎರಡೂವರಿ ಸಾವಿರ ಇರಬೇಕು. ಎಲ್ಲಾ ಕೂಡಿಸಿದ್ರ ಹತ್ತು ಸಾವಿರದ ಹತ್ರ. ಫೋಟೋ ಚಂದ ಬರ್ತಿದ್ವು, ತಾಯಂದ್ರಿಗೂ ಖುಷಿ. ಆದ್ರ ಕುರುಬನ ವೇಷ ಹಾಕಿದ ಹುಡುಗಗ ತನ್ನ ಒಂದ ಮಾತು ಬಿಟ್ರ ಮುಂದಿನ ಸೀನ್ ಏನು ಅನ್ನೋದ ಗೊತ್ತಿರ್ತಿರಲಿಲ್ಲ. ಹೊಸಾ ವರ್ಷ ಆದಮ್ಯಾಲ ಕ್ಲಾಸಿನ್ಯಾಗ "ಯೇಸುಸ್ವಾಮಿ ಹುಟ್ಟಿದಾಗ ನೋಡಾಕ ಯಾರ‍್ಯಾರು ಬಂದಿದ್ರು?" ಅಂತ ಕೇಳಿದ್ರ ಸಾಂತಾ ಕ್ಲಾಸ್ ಅಂತ ಕೈ ಎತ್ತಿ ಹೇಳಿದ್ರು, ಅದೂ ಒಬ್ಬರಲ್ಲ. ನನಗ ಆವತ್ತು ಊಟ ಸೇರಲಿಲ್ಲ.

ಆಮ್ಯಾಲ ಕುಂತು ನಾವು ಹಾಡಸೋ ಕ್ಯಾರಲ್‌ಗಳನ್ನ ಒಂದೊಂದ ತಗದು ನೋಡಿದೆ. ಹಾಡು ಮುಗದ ಕೂಡ್ಲೇ ಹುಡುಗ್ರಿಗೆ ಒಂದ ಪ್ರಶ್ನೆ: ಈಗ ಕಣ್ಣಿಗೆ ಏನ ಕಾಣ್ತು? ಏನೂ ಕಾಣಲಿಲ್ಲ ಅಂದ್ರ ಆ ಹಾಡು ಕಲಸೋ ಲಿಸ್ಟಿನಿಂದ ಹೊರಗ. ಜಿಂಗಲ್ ಬೆಲ್ಸ್ ಮೊದಲ ಹೋತು, 1857ರಾಗ ಅಚ್ಚಾದ ಆ ಹಾಡಿನ್ಯಾಗ ಕ್ರಿಸ್‌ಮಸ್ ಅನ್ನೋ ಮಾತ ಇಲ್ಲ, ಬರೇ ಹಿಮದಾಗ ಕುದುರಿಗಾಡಿ ಓಡಸೋದು. ಜಾಯ್ ಟು ದ ವರ್ಲ್ಡ್ ತಗದಾಗ ಸಭೆಯೊಳಗ ಗದ್ದಲ ಆತು. ಆದ್ರ ನೋಡ್ರಿ, ಐಸಾಕ್ ವಾಟ್ಸ್ ಅದನ್ನ 1719ರಾಗ ಬೈಬಲ್ಲಿನ 98ನೇ ಕೀರ್ತನೆ ಇಟ್ಕೊಂಡು ಬರದಿದ್ದು, ಅದ್ರಾಗ ಮರಿಯಳಿಲ್ಲ, ಗೋದಲಿ ಇಲ್ಲ, ಕುರುಬರಿಲ್ಲ. ಆರಾಧನಿಗೆ ಬಾಳ ದೊಡ್ಡ ಹಾಡು, ಇವತ್ತಿಗೂ 25ರ ಮುಂಜಾನೆ ನಾವು ಅದನ್ನ ಗಟ್ಟಿ ದನಿ ತಗದು ಹಾಡ್ತೀವಿ. ಎಂಟು ವರ್ಷದ ಕೂಸಿಗೆ ಕತಿ ಕಲಸಾಕ ಮಾತ್ರ ಅದು ಬರೂದಿಲ್ಲ. ಮೂರು ಅರಸರ ಹಾಡನ್ನ ಇಟ್ಕೊಂಡೆ, ಖರೆ ಒಂದ ಷರತ್ತಿನ ಮ್ಯಾಲ: ಮೂರು ಅನ್ನೋ ಲೆಕ್ಕ ಮತ್ತಾಯದಾಗ ಇಲ್ಲ, ಅರಸರು ಅಂತಾನೂ ಇಲ್ಲ, ಬಂಗಾರ, ಧೂಪ, ರಕ್ತಬೋಳ ಅಂತ ಕಾಣಿಕಿ ಮೂರು ಅಷ್ಟ. ಹಾಡಿಗಿಂತ ಮೊದ್ಲು ಹುಡುಗ್ರ ಇದನ್ನ ಹೇಳಬೇಕು. ಈಗ ಅವರು ಹಾಡೋ ದೊಡ್ಡೋರನ್ನ ನಿಲ್ಲಿಸಿ ಹೇಳ್ತಾರ.

ಕಡೀಕ ಉಳಿದದ್ದು ಏಳೆಂಟು ಹಾಡು. ಒಂದ ಹಾಡಿಗೆ ಒಂದ ಸೀನ್, ಕತಿ ಹೆಂಗ ನಡೀತೈತಿ ಹಂಗ ಸಾಲಾಗಿ.

ಈಗ ಅಸಲಿ ಮಾತು. ಹಾಡನ್ನ ಪೂರ್ತಿ ಹಾಡಸೂದಿಲ್ಲ. ಕತಿ ಎಲ್ಲಿ ಹೊಳ್ಳತೈತಿ ಆ ಸಾಲಿಗೆ ಬಂದ ಕೂಡ್ಲೇ ಹಾರ್ಮೋನಿಯಂ ಬಂದ್. ದೂತ ಕುರುಬರಿಗೆ ಹೆದರಬ್ಯಾಡ್ರಿ ಅಂದ, ಗುರುತು ಹೇಳ್ತೀನಿ ಅಂದ, ಅಲ್ಲಿಗೆ ನಿಂತು. ಏನ ಗುರುತು? ಒಂದ ಹುಡುಗಿ "ಬಟ್ಟಿ ಸುತ್ತಿದ ಕೂಸು" ಅಂತಾಳ, ಇನ್ನೊಬ್ಬ "ಗೋದಲಿಯಾಗ ಮಲಗಸ್ಯಾರ" ಅಂತಾನ, ಎರಡೂ ಬಂದ್ರನ ಹಾಡು ಮುಂದ. ತಪ್ಪಿದ್ರ ಮೊದಲನೇ ಸಾಲಿನಿಂದ ಮತ್ತ. ಹಾಡು ಅರ್ಧಕ್ಕ ನಿಂತ್ರ ಹುಡುಗ್ರಿಗೆ ತಡಕೊಳ್ಳಾಕ ಆಗೂದಿಲ್ಲ, ಆ ಚಡಪಡಿಕಿನ ನಮ್ಮ ಕೆಲಸ ಮಾಡತೈತಿ, ಬೈಯೋದು ಬ್ಯಾಡ, ಚಾಕಲೇಟ್ ಬ್ಯಾಡ. ಮೊದಲನೇ ವಾರ ಹುಡುಗ್ರು ನನ್ನ ಮ್ಯಾಲ ಸಿಟ್ಟಾದ್ರು, "ಅಕ್ಕೋರ, ಪೂರ್ತಿ ಹಾಡಸ್ರಿ" ಅಂತ. ಎರಡನೇ ವಾರ ಎಲ್ಲಿ ನಿಲ್ಲಸ್ತೀನಿ ಅಂತ ಕಾಯಾಕ ಹತ್ತಿದ್ರು. ಉಳದ ಹಾಡುಗಳನ್ನ ಯಾವ ಯಾವ ಸಾಲಿಗೆ ಕಡೀತೀನಿ ಅನ್ನೋದನ್ನ ಇಲ್ಲಿ ಬರೆಯೂದಿಲ್ಲ, ನಿಮ್ಮ ಹುಡುಗ್ರು ಎಲ್ಲಿ ಎಡವ್ತಾರ ಅಂತ ನೀವ ನೋಡಿ ಹುಡುಕಬೇಕು. ಒಂದನೇತ್ತದ ಸಣ್ಣ ಕೂಸುಗಳನ್ನ ಅಷ್ಟೊತ್ತು ಹೆಂಗ ಕೂಡಸ್ತೀನಿ ಅನ್ನೋದೂ ನನ್ನ ಹತ್ರನ ಇರಲಿ.

ರಾಗದ ಸಂಬಂಧ ಜಗಳ ಬಾಳ ದಿನ ನಡೀತು. ಬೆಟಗೇರಿಗೆ ಜರ್ಮನ್ ಮಾತಾಡೋ ಪಾದ್ರಿಗಳ ಬಾಸೆಲ್ ಮಿಷನ್ ಬಂದಿದ್ದು 1841ರಾಗ, ಜರ್ಮನ್ ರಾಗಗಳು ನಮ್ಮ ಅಜ್ಜಂದ್ರ ಕಾಲದಿಂದ ಬಾಯಿಗೆ ಕುಂತಾವ, ಅವನ್ನ ಬಿಡ್ರಿ ಅಂತ ನಾನೂ ಹೇಳೂದಿಲ್ಲ. ನಾ ಕೇಳಿದ್ದು ಗೋದಲಿ ಸೀನಿಗೆ ಒಂದ ಜೋಗುಳದ ಧಾಟಿ, ಕುರುಬರ ಸೀನಿಗೆ ಡೊಳ್ಳಿನ ಪೆಟ್ಟು, ಇಷ್ಟ. ಡೊಳ್ಳು ಚರ್ಚಿನೊಳಗ ಯಾಕ ಅಂದ್ರು ಸಭೆಯವರು. ಅವತ್ತ ನಾ ಸೈಲೆಂಟ್ ನೈಟ್ ಅನ್ನೋ ಕ್ಯಾರಲ್‌ನ ಕತಿ ಹೇಳಿದೆ: 1818ರ ಡಿಸೆಂಬರ್ 24ರ ರಾತ್ರಿ ಆಸ್ಟ್ರಿಯಾದ ಓಬರ್ನ್‌ಡಾರ್ಫ್ ಊರಾಗ ಅದನ್ನ ಮೊದಲನೇ ಸಲ ಹಾಡಿದಾಗ ಜೋಡಿಗಿದ್ದದ್ದು ಗಿಟಾರ್, ಆರ್ಗನ್ ಅಲ್ಲ. ಹಾಡಿನ ಸಾಲು ಬರದಾಂವ ಯೋಸೆಫ್ ಮೋರ್ ಪಾದ್ರಿ, ರಾಗ ಹಾಕಿದ ಫ್ರಾಂಝ್ ಗ್ರೂಬರ್ ಸಾಲಿ ಮಾಸ್ತರ. ನಮ್ಮಂಥಾ ಮಂದಿನ ರೀ, ಕೈಯಾಗ ಇದ್ದದ್ದನ್ನ ತಗೊಂಡು ಹಾಡ್ಯಾರ. ನಮ್ಮ ಪಾದ್ರಿ ಅಯ್ಯನವರು ಒಪ್ಪಿದ್ರು. ಜೋಗುಳದ ಧಾಟಿ ಬಂದ ದಿನ ಮನ್ಯಾಗ ತಮ್ಮ ತಂಗಿ ಇರೋ ಹುಡುಗ್ಯಾರು ಹೇಳಸಕೊಳ್ಳದ ತಾವ ತೊಡಿ ಮ್ಯಾಲ ಕೂಸು ತೂಗೋ ಹಂಗ ಕುಂತ್ರು. ಆ ಹಾಡನ್ನ ಮಾತ್ರ ನಾ ಎಂದೂ ಅರ್ಧಕ್ಕ ನಿಲ್ಲಸೂದಿಲ್ಲ.

ಇನ್ನೊಂದು ಲೂಕ, ಮತ್ತಾಯ ಬ್ಯಾರೆ ಮಾಡಿದ್ದು. ಎಲ್ಲಾ ಕಡೆ ಗೋದಲಿ ಮುಂದ ಕುರುಬರು, ಜ್ಞಾನಿಗಳು, ಒಂಟಿ ಎಲ್ಲಾ ಒಂದ ರಾತ್ರಿ ಕೂಡಿ ನಿಂತಿರ್ತಾರ, ಹುಡುಗ್ರ ತಲಿಯಾಗ ಕತಿ ಕಲಬೆರಕಿ ಆಗೋದ ಅಲ್ಲೇ. ಮತ್ತಾಯದಾಗ ಜ್ಞಾನಿಗಳು ಬರೋದು ಮನಿಗೆ, ಹೆರೋದ ಅರಸ ಕೊಲ್ಲಸೋದು ಎರಡು ವರ್ಷದೊಳಗಿನ ಕೂಸುಗಳನ್ನ, ಅಂದ್ರ ಅದು ಅದ ರಾತ್ರಿ ಅಂತ ಹೇಳಾಕ ಬರೂದಿಲ್ಲ. ಅದಕ್ಕ ಲೂಕನ ಹಾಡು ಡಿಸೆಂಬರ್ 25ರ ತನಕ, ನಕ್ಷತ್ರ ಮತ್ತ ಜ್ಞಾನಿಗಳ ಹಾಡು ಅಲ್ಲಿಂದ ಜನವರಿ 6ರ ಎಪಿಫನಿ ತನಕ, ಅದು ಜ್ಞಾನಿಗಳು ಬಂದದ್ದನ್ನ ನೆನಸೋ ಹಬ್ಬ. ಹಬ್ಬ ಮುಗದಮ್ಯಾಲ ಕ್ಯಾರಲ್ ಯಾರು ಕೇಳ್ತಾರ ಅಂದ್ರು. ಜನವರಿಯಾಗ ನಕ್ಷತ್ರ ಹಿಡಕೊಂಡು ಓಣ್ಯಾಗ ಹೋದ್ವಿ, ಲಿಂಗಾಯತರ ಮನಿ, ನೇಕಾರರ ಮನಿ, ಎಲ್ಲಾರೂ ನಿಂತು ಕೇಳಿದ್ರು, ಒಬ್ಬಾಕಿ ಅಮ್ಮ "ಮುಂದ ಆ ಕೂಸು ಏನಾತು?" ಅಂತ ಕೇಳಿದ್ರ ನಮ್ಮ ಹುಡುಗ್ರ ಉತ್ತರ ಹೇಳಿದ್ರು, ನಾ ಬಾಯಿ ತಗೀಲಿಲ್ಲ.

ನಡುನಡುವ ಬ್ಯಾರೆ ಪ್ರಯೋಗಾನೂ ಮಾಡೀನಿ. ಖಾನೇಷುಮಾರಿಗೆ ಎಲ್ಲಾರೂ ತಮ್ಮ ತಮ್ಮ ಊರಿಗೆ ಹೋಗಬೇಕಾತು ಅನ್ನೋದು ಹುಡುಗ್ರಿಗೆ ಹತ್ತಲಿಲ್ಲ, ಗೋವಾಕ್ಕ ದುಡಿಯಾಕ ಹೋದ ನಿಮ್ಮ ಕಾಕಾ ಓಟಿಗೆ ಊರಿಗೆ ಬರೂದಿಲ್ಲೇನು, ಬಸ್ಸಿನ್ಯಾಗ ಸೀಟ್ ಸಿಗತಾವೇನು ಅಂದೆ, ಯೋಸೇಫ, ಮರಿಯಳಿಗೆ ಛತ್ರದಾಗ ಜಾಗ ಯಾಕ ಇರಲಿಲ್ಲ ಅನ್ನೋದು ಒಮ್ಮೆಲೇ ತಿಳೀತು. ಇನ್ನೊಂದ ಸಂಜಿ ಊರ ಹೊರಗ ಎರಿ ಹೊಲದಾಗ ಕುರಿ ಕೂಡಿಸಿದ್ದ ಕುರಿಗಾರರ ಹತ್ರ ಕರಕೊಂಡ ಹೋದೆ, ಆಟೋಕ್ಕ ಮುನ್ನೂರೋ ಮುನ್ನೂರೈವತ್ತೋ ಕೊಟ್ಟಿರಬೇಕು. ಅಲ್ಲಿ ಒಬ್ಬ ಹುಡುಗ "ಕಾಕಾ, ಕುರುಬರು ಬೇತ್ಲೆಹೇಮಿಗೆ ಓಡಿದ್ರಲ್ಲ, ಕುರಿ ಯಾರ ಕಾದ್ರು?" ಅಂದ. ಆ ಹಿರಿಯ ವಿಚಾರ ಮಾಡಿ "ತೋಳದ ಅಂಜಿಕಿ ಇರತೈತಪಾ, ಒಬ್ಬಾಂವ ಉಳದಿರಬೇಕು" ಅಂದ್ರು. ಲೂಕ ಅದನ್ನ ಬರದಿಲ್ಲ, ಆದ್ರ ಆ ಪ್ರಶ್ನೆ ಕೇಳಿದ ಹುಡುಗಗ ಕುರುಬರ ಹಾಡು ಈಗ ನಿದ್ದಿಗಣ್ಣಾಗೂ ಬರತೈತಿ.

ಖರ್ಚು: ಹಳೇ ಹಾರ್ಮೋನಿಯಂ ರಿಪೇರಿ ಸಾವಿರದ ಐದನೂರು, ದಮ್ಮಡಿ, ತಾಳ ಐದಾರನೂರು, ಚಾ, ಚುರಮರಿ ಕೂಡಿ ಮೂರು ಸಾವಿರದೊಳಗ ಮುಗೀತು. ಡೊಳ್ಳು ಪುಗಸಟ್ಟೆ ಸಿಕ್ತು. ಕ್ಯಾರಲ್ ರೌಂಡಿನ ಕಾಣಿಕಿಯಾಗ ಅದು ತೀರಿ ಇನ್ನೂ ಉಳೀತು, ಆ ರೊಕ್ಕದಾಗ ಹುಡುಗ್ರಿಗೆ ಸ್ವೆಟರ್ ಕೊಡಸಿದ್ವಿ.

ಇನ್ನ ಒಂದ ಸೀನ್ ಖಾಲಿ ಐತಿ. ಯೋಸೇಫ ರಾತ್ರೋರಾತ್ರಿ ತಾಯಿ ಕೂಸಿನ್ನ ಕರಕೊಂಡು ಐಗುಪ್ತಕ್ಕ ಹೋಗೋದಕ್ಕ ನಮ್ಮ ಹುಡುಗ್ರ ಬಾಯಿಗೆ ಹೊಂದೋ ಹಾಡು ನನಗ ಸಿಕ್ಕಿಲ್ಲ. ಬೀಸುಕಲ್ಲಿನ ಪದದ ಧಾಟಿಯಾಗ ನಾನ ಕಟ್ಟಾಕತ್ತೀನಿ, ಎರಡು ನುಡಿ ಆಗ್ಯಾವ. ಮೂರನೇ ನುಡಿಯಾಗ ಹೆರೋದ ಸತ್ತ ಸುದ್ದಿ ಬರಬೇಕು, ನಜರೇತಿಗೆ ಹೊಳ್ಳಿ ಬರಬೇಕು, ಈ ಡಿಸೆಂಬರ್ ಒಳಗ ಮುಗಸ್ತೀನಿ.