ಬೆಳಕಿನ ಚಿಕಿತ್ಸೆ: ಮದ್ದು ಚರ್ಮದೊಳಗೆ ಇಳಿಯುವಂತೆ ಮಾಡುವುದು ಹೇಗೆ?

ಚರ್ಮದ ಕೆಲವು ಕ್ಯಾನ್ಸರ್‌ಗಳನ್ನು ಆಪರೇಷನ್ ಇಲ್ಲದೆಯೂ ವಾಸಿಮಾಡಬಹುದು. ಕ್ರೀಮ್ ಹಚ್ಚಿ, ಕೆಲವು ಗಂಟೆ ಬಿಟ್ಟು, ಕೆಂಪು ಬೆಳಕು ಹಾಯಿಸುತ್ತಾರೆ. ಇದೇ ಫೋಟೊಡೈನಮಿಕ್ ಥೆರಪಿ, ಅಂದರೆ ಪಿಡಿಟಿ. ಕೆನಡಾದ ಜೇಮ್ಸ್ ಕೆನಡಿ ಮತ್ತು ರಾಯ್ ಪಾಟಿಯರ್ ತಂಡ ಎಎಲ್ಎ (ಅಮಿನೊಲೆವುಲಿನಿಕ್ ಆಸಿಡ್) ಎಂಬ ಮದ್ದನ್ನು ಚರ್ಮಕ್ಕೆ ಹಚ್ಚಿ ಮಾಡಿದ ಈ ಚಿಕಿತ್ಸೆಯ ಬಗ್ಗೆ 1990ರಲ್ಲಿ ಬರೆಯಿತು.

ಎಎಲ್ಎ ಜೀವಕೋಶದೊಳಗೆ ಹೋಗಿ ಪ್ರೋಟೊಪಾರ್ಫಿರಿನ್ ಎಂಬ, ಬೆಳಕು ಹೀರುವ ವಸ್ತುವಾಗಿ ಬದಲಾಗುತ್ತದೆ. ಬೆಳಕು ಬಿದ್ದಾಗ ಅದು ಆಮ್ಲಜನಕವನ್ನು ಕೆರಳಿಸಿ ಆ ಕೋಶವನ್ನು ಕೊಲ್ಲುತ್ತದೆ. ಆದರೆ ಎಎಲ್ಎ ನೀರಿಗೆ ಒಗ್ಗುವ ಮದ್ದು. ಚರ್ಮದ ಹೊರಪದರದಲ್ಲಿ ಜಿಡ್ಡಿನ ಅಂಶವಿದೆ. ಆ ಪದರ ಹೆಚ್ಚಿನ ಕಡೆ 10ರಿಂದ 20 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರ್‌ನ ಸಾವಿರದ ಒಂದು ಪಾಲು) ದಪ್ಪ ಅಷ್ಟೇ, ಆದರೂ ಮದ್ದನ್ನು ತಡೆದು ನಿಲ್ಲಿಸುತ್ತದೆ. ಅದಕ್ಕೇ ಬೆಳಕಿಗಿಂತ ಮೊದಲಿನ ತಯಾರಿಯೇ ಇಲ್ಲಿ ದೊಡ್ಡ ಕೆಲಸ ಎನ್ನುವುದು ನನ್ನ ಅಭಿಪ್ರಾಯ.

ಮೊದಲು ಬಯಾಪ್ಸಿ, ಅಂದರೆ ಚರ್ಮದ ಚೂರು ತೆಗೆದು ಪರೀಕ್ಷೆ. ಮೇಲ್ಮೈಯಲ್ಲೇ ಹರಡುವ ಬೇಸಲ್ ಸೆಲ್ ಕಾರ್ಸಿನೋಮ ಎಂಬ ಚರ್ಮದ ಕ್ಯಾನ್ಸರ್, ಚರ್ಮದ ಮೇಲ್ಪದರದಲ್ಲೇ ಉಳಿದಿರುವ ಆರಂಭದ ಕ್ಯಾನ್ಸರ್ ಆದ ಬೋವೆನ್ ಕಾಯಿಲೆ ಇಂಥವಕ್ಕೆ ಪಿಡಿಟಿ ಒಗ್ಗುತ್ತದೆ. ಚರ್ಮಕ್ಕೆ ಬಣ್ಣ ಕೊಡುವ ಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್ ಆದ ಮೆಲನೋಮಕ್ಕೆ ಇದು ಚಿಕಿತ್ಸೆಯಲ್ಲ.

ನಂತರ ಕ್ಯಾನ್ಸರ್ ಇರುವ ಗಾಯದ ಮೇಲಿನ ಹಕ್ಕಳೆಯನ್ನು ವೈದ್ಯರು ಮೆಲ್ಲಗೆ ಕೆರೆದು ತೆಗೆಯುತ್ತಾರೆ. ಸಣ್ಣ ಕೆಲಸ ಅನ್ನಿಸಬಹುದು, ಆದರೆ ಇದನ್ನು ಬಿಟ್ಟರೆ ಮದ್ದು ಹಕ್ಕಳೆಯಲ್ಲೇ ಉಳಿದುಬಿಡುತ್ತದೆ, ಅಲ್ವಾ?

ಇನ್ನು ಮದ್ದಿನ ಆಯ್ಕೆ. ಎಎಲ್ಎಯ ಮೀಥೈಲ್ ಎಸ್ಟರ್ ರೂಪ ಜಿಡ್ಡಿಗೆ ಸ್ವಲ್ಪ ಜಾಸ್ತಿ ಒಗ್ಗುತ್ತದೆ. ಎಎಲ್ಎಯನ್ನೇ ಅತಿ ಸಣ್ಣ ಎಣ್ಣೆ ಹನಿಗಳಿರುವ ಜೆಲ್‌ನಲ್ಲಿ ಸೇರಿಸಿದ ಮದ್ದೂ ಇದೆ. ಕ್ರೀಮನ್ನು ಸುಮಾರು 1 ಮಿಲಿಮೀಟರ್ ದಪ್ಪಕ್ಕೆ, ಗಾಯದ ಸುತ್ತಲಿನ ಚರ್ಮಕ್ಕೂ ಸೇರಿಸಿ ಹಚ್ಚುತ್ತಾರೆ. ಮೇಲೆ ಗಾಳಿಯಾಡದ ಪಟ್ಟಿ ಹಾಕಿ 3 ಗಂಟೆ ಬಿಡುತ್ತಾರೆ. ಪಟ್ಟಿಯ ಕೆಳಗೆ ತೇವ ನಿಂತು ಹೊರಪದರ ಉಬ್ಬಿ ಸಡಿಲವಾಗುತ್ತದೆ. ಆ ಜಾಗ ಬೆಚ್ಚಗಿದ್ದರೆ ಪ್ರೋಟೊಪಾರ್ಫಿರಿನ್ ಹೆಚ್ಚು ತಯಾರಾಗುತ್ತದೆ. ಚಳಿಯ ಕೋಣೆಯಲ್ಲಿ ರೋಗಿಯನ್ನು ಸುಮ್ನೆ ಕೂರಿಸುವುದು ಒಳ್ಳೆಯದಲ್ಲ.

ಗಾಯ ದಪ್ಪಗಿದ್ದರೆ ಇಷ್ಟು ಸಾಲದು. ಆಗ ಫ್ರಾಕ್ಷನಲ್ ಲೇಸರ್‌ನಿಂದ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳನ್ನು ಮಾಡಬಹುದು. ಡೆನ್ಮಾರ್ಕ್‌ನ ಮೆರೆಟೆ ಹೆಡರ್ಸ್‌ಡಾಲ್ ತಂಡ ಇದರ ಮೇಲೆ ಸಾಕಷ್ಟು ಕೆಲಸ ಮಾಡಿದೆ. ಮೈಕ್ರೊನೀಡಲ್ ಎಂಬ ಸಣ್ಣ ಸೂಜಿಗಳದ್ದೂ ಇದೇ ಉದ್ದೇಶ. ಆದರೆ ಮದ್ದು ಜಾಸ್ತಿ ಇಳಿದಷ್ಟೂ ಬೆಳಕಿನ ಹೊತ್ತಿಗೆ ಉರಿಯೂ ಜಾಸ್ತಿಯಾಗಬಹುದು. ದಯವಿಟ್ಟು ಅಂಗಡಿಯ ಡರ್ಮಾ ರೋಲರ್ (ಚರ್ಮದ ಮೇಲೆ ಉರುಳಿಸುವ ಸೂಜಿಗಳ ಸಾಧನ) ತಂದು ಮನೆಯಲ್ಲಿ ಪ್ರಯತ್ನಿಸಬೇಡಿ.

ಮದ್ದು ಇಳಿದಿದೆಯೇ ಎಂದು ವುಡ್ಸ್ ಲ್ಯಾಂಪ್ ಎಂಬ ನೇರಳಾತೀತ ದೀಪ ಹಿಡಿದು ನೋಡಬಹುದು. ಪ್ರೋಟೊಪಾರ್ಫಿರಿನ್ ತುಂಬಿದ ಜಾಗ ಕೆಂಪಾಗಿ ಹೊಳೆಯುತ್ತದೆ. ಆಮೇಲೆ ಕ್ರೀಮ್ ಒರೆಸಿ, ಸುಮಾರು 630 ನ್ಯಾನೊಮೀಟರ್‌ನ ಕೆಂಪು ಬೆಳಕನ್ನು ಕೆಲವು ನಿಮಿಷ ಬಿಡುತ್ತಾರೆ. ನೀಲಿ ಬೆಳಕಿಗಿಂತ ಇದು ಆಳಕ್ಕೆ ಹೋಗುತ್ತದೆ. ಉರಿ ತಡೆಯಲು ಫ್ಯಾನ್ ಅಥವಾ ತಣ್ಣೀರಿನ ಸ್ಪ್ರೇ ಕೇಳಿ, ಸಂಕೋಚ ಬೇಡ. ಬೇಸಲ್ ಸೆಲ್ ಕಾರ್ಸಿನೋಮಕ್ಕೆ ಸಾಮಾನ್ಯವಾಗಿ ಒಂದು ವಾರ ಬಿಟ್ಟು ಮತ್ತೊಮ್ಮೆ ಮಾಡುತ್ತಾರೆ. ಪ್ರತಿ ಸಲವೂ ಚಿಕಿತ್ಸೆಯ ಜಾಗವನ್ನು 48 ಗಂಟೆ ಬಟ್ಟೆಯಿಂದ ಮುಚ್ಚಿ, ಬಿಸಿಲು ತಾಗದಂತೆ ನೋಡಿಕೊಳ್ಳಬೇಕು.